ರೇಡಿಯೇಟರ್ ಶುಚಿ ಮಾಡುವುದು ಯಾರ ಕೆಲಸ?



ಒಕ್ಕಣೆಯ ಕಾಲ ಬಂತೆಂದರೆ ಊರೂರಲ್ಲೂ ಒಂದು ಮಾತು ಕೇಳಿಬರುತ್ತದೆ: “ಟ್ರ್ಯಾಕ್ಟರ್ ಕುದಿಯಿತು, ಕೆಲಸ ನಿಂತಿತು.” ಇದಕ್ಕೆ ನಾವು ಕೊಡುವ ಕಾರಣಗಳೂ ಗೊತ್ತಿರುವವೇ. ಗಾಡಿ ಹಳೆಯದಾಯಿತು, ಕಂಪನಿಯ ಮಾಲು ಸರಿಯಿಲ್ಲ, ಡೀಸೆಲ್ ಚೆನ್ನಾಗಿಲ್ಲ, ಬಿಸಿಲು ಜಾಸ್ತಿ. ಒಂದೊಂದು ಸಲ ಇವುಗಳಲ್ಲಿ ನಿಜವಿರಲೂಬಹುದು. ಆದರೆ ಕಣದಲ್ಲಿ ನಿಂತು ಕುದಿಯುವ ಟ್ರ್ಯಾಕ್ಟರಿನ ಬಾನೆಟ್ ಎತ್ತಿ ನೋಡಿದರೆ ಬಹಳ ಸಲ ಕಾಣುವುದು ಬೇರೆಯೇ. ರೇಡಿಯೇಟರಿನ ಮುಖಕ್ಕೆ ಕಂಬಳಿ ಹೊದಿಸಿದಂತೆ ಹೊಟ್ಟು, ಸುಂಕು, ಎಲೆಯ ಚೂರು, ದೂಳು ಮೆತ್ತಿಕೊಂಡಿರುತ್ತದೆ.

ಈ ಕಸವನ್ನು ತೆಗೆಯಬೇಕೆಂದು ತಿಳಿಯದ ಚಾಲಕರು ಕಡಿಮೆ. ಆದರೂ ಅದು ಅಲ್ಲೇ ಇರುತ್ತದೆ. ತೆಗೆಯಲು ಬೇಕಾದ ಅರ್ಧ ಗಂಟೆಯ ಹೊತ್ತು ಯಾರ ಲೆಕ್ಕಕ್ಕೂ ಸೇರಿಲ್ಲದಿರುವುದೇ ಇದಕ್ಕೆ ಕಾರಣವೆಂದು ನನ್ನ ಅಭಿಪ್ರಾಯ.

ಮೊದಲು ಯಂತ್ರದ ಒಳಗಿನ ವ್ಯವಹಾರವನ್ನು ತಿಳಿಯೋಣ. ನಾವು ತುಂಬಿಸುವ ಡೀಸೆಲಿನ ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ದುಡಿಮೆಗೆ ಬರುತ್ತದೆ. ಹೆಚ್ಚು ಕಡಿಮೆ ಅಷ್ಟೇ ಪಾಲು ಹೊಗೆಯೊಡನೆ ಸೈಲೆನ್ಸರಿನಿಂದ ಹೊರಟುಹೋಗುತ್ತದೆ. ಉಳಿದ ಶಾಖದ ಬಹುಭಾಗವನ್ನು ಎಂಜಿನ್ನಿನ ಸುತ್ತ ಹರಿಯುವ ನೀರು ಹೊತ್ತು ತಂದು ರೇಡಿಯೇಟರಿನಲ್ಲಿ ಇಳಿಸಬೇಕು. ರೇಡಿಯೇಟರಿನಲ್ಲಿ ಸಣ್ಣ ಸಣ್ಣ ಕೊಳವೆಗಳಿದ್ದು, ಅವುಗಳ ನಡುವೆ ತೆಳು ತಗಡಿನ ಪಟ್ಟಿಗಳನ್ನು ಒತ್ತೊತ್ತಾಗಿ ಕೂರಿಸಿರುತ್ತಾರೆ. ಮೆಕ್ಯಾನಿಕರು ಫಿನ್ ಎನ್ನುವುದು ಇವನ್ನೇ. ಫ್ಯಾನು ಮುಂದಿನಿಂದ ಗಾಳಿಯನ್ನು ಎಳೆದು ಈ ಸಂದುಗಳಲ್ಲಿ ಹಾಯಿಸಿದಾಗ ನೀರಿನ ಬಿಸಿ ಗಾಳಿಗೆ ಹೋಗುತ್ತದೆ. ಸಂದು ಮುಚ್ಚಿದರೆ ಗಾಳಿಯಿಲ್ಲ. ಗಾಳಿಯಿಲ್ಲದಿದ್ದರೆ ರೇಡಿಯೇಟರ್ ತುಂಬ ನೀರಿದ್ದರೂ ಪ್ರಯೋಜನವಿಲ್ಲ.

ಉಳುವಾಗ ಇಲ್ಲದ ತೊಂದರೆ ಒಕ್ಕಣೆಯಲ್ಲಿ ಬರುವುದು ಏಕೆ? ಉಳುವ ಟ್ರ್ಯಾಕ್ಟರ್ ಮುಂದೆ ಸಾಗುತ್ತಿರುತ್ತದೆ. ದೂಳು ಬಹುಮಟ್ಟಿಗೆ ಹಿಂದೆ ಉಳಿಯುತ್ತದೆ. ಒಕ್ಕಣೆಯಲ್ಲಿ ಹಾಗಲ್ಲ. ಪಿಟಿಓ ಹಾಕಿ ಟ್ರ್ಯಾಕ್ಟರನ್ನು ಗಂಟೆಗಟ್ಟಲೆ ಒಂದೇ ಕಡೆ ನಿಲ್ಲಿಸುತ್ತೇವೆ. ಎಂಜಿನ್ ಹೆಚ್ಚು ವೇಗದಲ್ಲಿ ದುಡಿಯುತ್ತಿರುತ್ತದೆ. ಪಕ್ಕದ ಥ್ರೆಷರ್ ರಾಗಿಯ ಹೊಟ್ಟನ್ನೋ ಜೋಳದ ಸುಂಕನ್ನೋ ತೊಗರಿಯ ಪುಡಿಯೆಲೆಯನ್ನೋ ಮೋಡದಂತೆ ಎಬ್ಬಿಸುತ್ತಿರುತ್ತದೆ. ಫ್ಯಾನು ಆ ಮೋಡವನ್ನೇ ಎಳೆದು ರೇಡಿಯೇಟರಿಗೆ ಬಡಿಯುತ್ತದೆ. ಬೆಳಿಗ್ಗೆ ಶುಚಿಯಾಗಿದ್ದ ಫಿನ್ನುಗಳು ಮಧ್ಯಾಹ್ನದ ಊಟದ ಹೊತ್ತಿಗೆ ಮುಚ್ಚಿಕೊಂಡಿರುವುದುಂಟು.

ಈಗ ಲೆಕ್ಕಕ್ಕೆ ಬರೋಣ. ನಮ್ಮಲ್ಲಿ ಸಣ್ಣ ಹಿಡುವಳಿಯವರೇ ಹೆಚ್ಚು. ಅವರ ಒಕ್ಕಣೆ ಬಹುತೇಕ ಬಾಡಿಗೆ ಟ್ರ್ಯಾಕ್ಟರಿನಿಂದಲೇ ನಡೆಯುತ್ತದೆ. ಬಾಡಿಗೆ ಸಾಮಾನ್ಯವಾಗಿ ಗಂಟೆಯ ಲೆಕ್ಕ. ಕಣದ ರೈತನ ಕಣ್ಣು ಗಡಿಯಾರದ ಮೇಲೆ: “ನಿಲ್ಲಿಸಿದ ಹೊತ್ತಿಗೂ ನಾನೇಕೆ ದುಡ್ಡು ಕೊಡಲಿ?” ಮಾಲೀಕನ ಕಣ್ಣು ಸಂಜೆ ಕೈಗೆ ಬರುವ ಹಣದ ಮೇಲೆ. ನಡುವೆ ಸಿಕ್ಕಿಬಿದ್ದವನು ಚಾಲಕ. ನಿಲ್ಲಿಸಿದರೆ ಇಬ್ಬರಿಂದಲೂ ಮಾತು ಕೇಳಬೇಕು. ನಿಲ್ಲಿಸದಿದ್ದರೆ ಆ ಹೊತ್ತಿಗೆ ಯಾರೂ ಏನೂ ಅನ್ನುವುದಿಲ್ಲ. ಅವನು ನಿಲ್ಲಿಸದಿರುವುದರಲ್ಲಿ ಆಶ್ಚರ್ಯವೇನು? ಎಂಜಿನ್ ಹೋದ ದಿನ ಮಾತ್ರ ಮೂವರೂ ಸೇರಿ ಅವನನ್ನೇ ಬೈಯುತ್ತಾರೆ, ಮೂರನೆಯವನು ಮೆಕ್ಯಾನಿಕ್.

ದಿನಕ್ಕೆ 10 ಗಂಟೆ ಒಕ್ಕಣೆ ಎಂದಿಟ್ಟುಕೊಳ್ಳಿ. ಎರಡು ಸಲ, ಒಂದೊಂದು ಕಾಲು ಗಂಟೆ ನಿಲ್ಲಿಸಿದರೆ ಅರ್ಧ ಗಂಟೆ. ದುಡಿಮೆಯಲ್ಲಿ 20ರಲ್ಲಿ ಒಂದು ಪಾಲು. ನಿಲ್ಲಿಸದೆ ಓಡಿಸಿ ಹೆಡ್ ಗ್ಯಾಸ್ಕೆಟ್ ಸುಟ್ಟರೆ, ಒಕ್ಕಣೆಯ ಗಡಿಬಿಡಿಯಲ್ಲಿ ಮೆಕ್ಯಾನಿಕ್ ಸಿಕ್ಕು, ಸಾಮಾನು ಬಂದು, ಟ್ರ್ಯಾಕ್ಟರ್ ಮತ್ತೆ ಕಣಕ್ಕೆ ಬರಲು ಮೂರು ದಿನವಾದರೂ ಬೇಕು. ಅಂದರೆ 30 ಗಂಟೆ. 60 ದಿನ ಶುಚಿ ಮಾಡಲು ಬೇಕಾಗುವ ಹೊತ್ತು ಒಂದೇ ಸಲಕ್ಕೆ ಹೋಯಿತು. ರಿಪೇರಿಯ ಖರ್ಚು ಬೇರೆ, ಬ್ಯಾಂಕಿನ ಕಂತು ಬೇರೆ. ಹೆಡ್ ಸೊಟ್ಟಗಾದರೆ ಅಥವಾ ಪಿಸ್ಟನ್ ಹಿಡಿದುಕೊಂಡರೆ ಖರ್ಚು ಇನ್ನೂ ಎಷ್ಟೋ ಪಾಲು ಹೆಚ್ಚು.

“ಮೋಡ ಕವಿದಿದೆ, ಮೆದೆ ಕಣದಲ್ಲಿದೆ, ಈಗ ನಿಲ್ಲಿಸು ಎನ್ನುವುದು ಆಫೀಸಿನವರ ಮಾತು” ಎಂದು ನೀವು ಹೇಳಬಹುದು. ಆತುರ ನಿಮ್ಮದು ನಿಜವಾದದ್ದೇ. ಆದರೆ ಮಳೆ ಬರುವಂತಿರುವಾಗಲೇ ಟ್ರ್ಯಾಕ್ಟರ್ ಕೆಟ್ಟು ನಿಂತರೆ ನೆನೆಯುವುದು ಮಾಲೀಕನ ಟ್ರ್ಯಾಕ್ಟರಲ್ಲ, ನಿಮ್ಮ ಕಾಳು. ಆದ್ದರಿಂದ ಆ ಕಾಲು ಗಂಟೆಯಲ್ಲಿ ಬಾಡಿಗೆಗೆ ಕರೆಸಿದವನ ಹಿತವೂ ಅಡಗಿದೆ.

ಶುಚಿ ಮಾಡುವ ಕ್ರಮ ಹೀಗಿದೆ. ಎಂಜಿನ್ ನಿಲ್ಲಿಸಿ, ಕೀಲಿ ತೆಗೆದಿಟ್ಟುಕೊಳ್ಳಿ. ಓಡುವ ಫ್ಯಾನಿನ ಬಳಿ ಕೈಯಾಗಲಿ ಟವೆಲ್ಲಾಗಲಿ ಹೋಗಕೂಡದು. ಬಿಸಿ ಆರಲಿ. ಮುಂದಿನ ಜಾಲರಿಯ ಕಸವನ್ನು ಕೈಯಿಂದ ತೆಗೆಯಿರಿ. ನಂತರ ಫಿನ್ನುಗಳ ಮೇಲಿನ ಹೊಟ್ಟನ್ನು ಮೃದುವಾದ ಬ್ರಷ್ಷಿನಿಂದ, ಫಿನ್ನುಗಳು ಇರುವ ನೇರಕ್ಕೇ ಉಜ್ಜಿ ತೆಗೆಯಿರಿ. ಅಡ್ಡ ಉಜ್ಜಿದರೆ ಅವು ಮಡಚಿಕೊಳ್ಳುತ್ತವೆ. ಒಳಗೆ ಸಿಕ್ಕಿದ್ದನ್ನು ಹೊರಡಿಸಲು ಗಾಳಿ ಅಥವಾ ನೀರನ್ನು ಎಂಜಿನ್ ಕಡೆಯಿಂದ ಮುಂದಕ್ಕೆ ಬಿಡಬೇಕು. ಕಸ ಬಂದದ್ದು ಮುಂದಿನಿಂದ. ಬಂದ ದಾರಿಯಲ್ಲೇ ಅದನ್ನು ಹಿಂದಕ್ಕೆ ಕಳುಹಿಸಬೇಕು. ಮುಂದಿನಿಂದಲೇ ನೀರು ಹೊಡೆದರೆ ಅದು ಇನ್ನೂ ಒಳಕ್ಕೆ ಸೇರುತ್ತದೆ.

ಪೇಟೆಯ ವಾಟರ್ ಸರ್ವಿಸಿನ ರಭಸದ ನೀರನ್ನು ಹತ್ತಿರದಿಂದ ಹೊಡೆಸಬೇಡಿ. ತೆಳು ತಗಡು ಬಾಗಿ ಸಂದು ಶಾಶ್ವತವಾಗಿ ಮುಚ್ಚುತ್ತದೆ. ಎಣ್ಣೆ ಜಿಡ್ಡು ಸೇರಿ ದೂಳು ಅಂಟಿದ್ದರೆ ಸೋಪಿನ ಪುಡಿ ಕಲಸಿದ ನೀರಿನಲ್ಲಿ ನೆನೆಸಿ, ಕಡಿಮೆ ರಭಸದ ನೀರಿನಲ್ಲಿ ತೊಳೆಯಿರಿ. ಎಣ್ಣೆ ಎಲ್ಲಿಂದ ಸೋರುತ್ತಿದೆ ಎಂಬುದನ್ನೂ ಹುಡುಕಿ. ಈಗಿನ ಕೆಲವು ಟ್ರ್ಯಾಕ್ಟರುಗಳಲ್ಲಿ ರೇಡಿಯೇಟರಿನ ಮುಂದೆ ಎಣ್ಣೆಯನ್ನು ತಂಪು ಮಾಡುವ ಇನ್ನೊಂದು ಚೌಕಟ್ಟಿರುತ್ತದೆ. ಇವೆರಡರ ನಡುವೆ ಸೇರುವ ಕಸ ಮೇಲಿನಿಂದ ನೋಡಿದರೆ ಕಾಣುವುದಿಲ್ಲ. ದೀಪ ಹಿಡಿದು ನೋಡಬೇಕು. ಹಾಗೆಯೇ ಫ್ಯಾನ್ ಬೆಲ್ಟ್ ಸಡಿಲವಾಗಿದೆಯೇ ಎಂದು ಒತ್ತಿ ನೋಡಿ.

ನೀರಿಲ್ಲದೆ ಗಾಳಿಯಿಂದಲೇ ತಂಪಾಗುವ ಎಂಜಿನ್ನುಗಳೂ ನಮ್ಮ ಹಳ್ಳಿಗಳಲ್ಲಿವೆ. ಐಷರ್ ಟ್ರ್ಯಾಕ್ಟರುಗಳಲ್ಲಿ ಕೆಲವು ಈ ಬಗೆಯವು. ಇವುಗಳಲ್ಲಿ ಸಿಲಿಂಡರಿನ ಮೈಮೇಲೆಯೇ ಫಿನ್ನುಗಳಿರುತ್ತವೆ. ರೇಡಿಯೇಟರ್ ಇಲ್ಲವೆಂದು ಇವನ್ನು ಮರೆಯುವುದು ಸರಿಯಲ್ಲ. ಗಾಳಿಯನ್ನು ತಿರುಗಿಸುವ ತಗಡಿನ ಮುಚ್ಚಳದ ಕೆಳಗೆ ಹೊಟ್ಟು ತುಂಬಿದರೆ ಎಂಜಿನ್ ಕಾಯುತ್ತದೆ. ಆವಿ ಎದ್ದು ಎಚ್ಚರಿಸಲು ಇಲ್ಲಿ ನೀರೂ ಇಲ್ಲ.

ಇನ್ನು ನಮ್ಮಲ್ಲಿ ನಡೆಯುವ ಅಡ್ಡ ಚಿಕಿತ್ಸೆಗಳ ಬಗ್ಗೆ ಎರಡು ಮಾತು. ಗಾಡಿ ಕಾಯುತ್ತದೆಂದು ಥರ್ಮೋಸ್ಟ್ಯಾಟನ್ನೇ ಕಿತ್ತುಹಾಕಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಬೆಳಗಿನ ತಂಪಿನಲ್ಲಿ ಎಂಜಿನ್ ಬೇಗ ಬಿಸಿಯೇರದೆ ಸವೆಯುತ್ತದೆ, ಡೀಸೆಲೂ ಹೆಚ್ಚು ಹಿಡಿಯುತ್ತದೆ; ಮುಚ್ಚಿದ ಫಿನ್ನು ಮುಚ್ಚಿಯೇ ಇರುತ್ತದೆ. ಕುದಿಯುತ್ತಿರುವ ರೇಡಿಯೇಟರಿನ ಮುಚ್ಚಳ ತೆಗೆಯುವುದಂತೂ ಮುಖ ಸುಟ್ಟುಕೊಳ್ಳುವ ಕೆಲಸ. ಒಳಗಿನ ನೀರು ಒತ್ತಡದಲ್ಲಿದ್ದು 100 ಡಿಗ್ರಿ ಮೀರಿ ಕಾದಿರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣವೇ ಆವಿಯಾಗಿ ಮೇಲಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಹೊಯ್ದರೆ ಎರಕದ ಕಬ್ಬಿಣ ಸೀಳಬಹುದು. ಮುಳ್ಳು ಕೆಂಪಿಗೆ ಬಂದರೆ ಮೊದಲು ಪಿಟಿಓ ಬಿಡಿಸಿ, ಭಾರವಿಲ್ಲದೆ ನಿಧಾನವಾಗಿ ಕೆಲವು ನಿಮಿಷ ಓಡಿಸಿ, ನಂತರ ನಿಲ್ಲಿಸಿ. ನೀರೇ ಸೋರಿಹೋಗಿದ್ದರೆ ಕೂಡಲೇ ನಿಲ್ಲಿಸಿ. ಬಯಲುಸೀಮೆಯ ಕೊಳವೆಬಾವಿಗಳ ಗಡಸು ನೀರನ್ನು ವರ್ಷಗಟ್ಟಲೆ ತುಂಬಿಸಿದರೆ ಕೊಳವೆಗಳ ಒಳಗೆ ಸುಣ್ಣ ಕಟ್ಟುತ್ತದೆ. ಕಂಪನಿಯವರು ಹೇಳಿದ ಕೂಲೆಂಟನ್ನೇ ಬಳಸುವುದು ಲೇಸು.

ಇವೆಲ್ಲಕ್ಕೂ ಮೊದಲು ಆಗಬೇಕಾದದ್ದು ಹೊತ್ತಿನ ಏರ್ಪಾಡು. ಮಾಲೀಕರು ದಿನದ ಆ ಅರ್ಧ ಗಂಟೆಯನ್ನು ಚಾಲಕನ ದುಡಿಮೆಯೆಂದೇ ಎಣಿಸಿ ಕೂಲಿಯಲ್ಲಿ ಸೇರಿಸಲಿ. ಒಂದು ಬ್ರಷ್ಷು, ಒಂದು ಗಾಳಿ ಪಂಪು ಟ್ರ್ಯಾಕ್ಟರಿನಲ್ಲೇ ಇಡಲಿ. ಹೋಬಳಿಗಳಲ್ಲಿ ಬಾಡಿಗೆಗೆ ಯಂತ್ರ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳೂ ಸಹಕಾರ ಸಂಘಗಳೂ “ನಾಲ್ಕು ಗಂಟೆಗೊಮ್ಮೆ ಕಾಲು ಗಂಟೆ ನಿಲ್ಲಿಸಿ ಶುಚಿ ಮಾಡತಕ್ಕದ್ದು” ಎಂಬುದನ್ನು ಬಾಡಿಗೆಯ ನಿಬಂಧನೆಯಲ್ಲೇ ಸೇರಿಸಲಿ. ಆ ಕಾಲು ಗಂಟೆಗೆ ಬಾಡಿಗೆ ಹಿಡಿಯಬೇಕೆ ಬೇಡವೆ ಎಂಬುದನ್ನು ಮೊದಲೇ ಮಾತಾಡಿಕೊಂಡರೆ ಕಣದಲ್ಲಿ ಜಗಳವಿಲ್ಲ. ಕಣದ ರೈತರು ಟ್ರ್ಯಾಕ್ಟರನ್ನು ಗಾಳಿ ಬೀಸಿ ಬರುವ ದಿಕ್ಕಿಗೆ ನಿಲ್ಲಿಸಿ, ಹೊಟ್ಟು ಅದರ ಆಚೆಗೆ ಹಾರುವಂತೆ ನೋಡಿಕೊಳ್ಳಲಿ. ಇದಕ್ಕೆ ಕಾಸೂ ಖರ್ಚಿಲ್ಲ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ. ಈ ಸಲ ನಿಮ್ಮ ಕಣಕ್ಕೆ ಟ್ರ್ಯಾಕ್ಟರ್ ಬಂದಾಗ ಗಂಟೆಗೆಷ್ಟು ಎಂದು ಕೇಳುವುದರ ಜೊತೆಗೆ, ಶುಚಿ ಮಾಡಲು ಯಾವಾಗ ನಿಲ್ಲಿಸುತ್ತೀಯಪ್ಪ ಎಂದೂ ಚಾಲಕನನ್ನು ಕೇಳಿ.