18 ಸೆಕೆಂಡಿನ ಛಾವಣಿ

ಹಳೇ ಕಾಲದ ಚಹರೆಯ ಹೊಸ ಕನ್ವರ್ಟಿಬಲ್ ಕಾರನ್ನು ಮಾರುವವರು ಎರಡು ಸರಕುಗಳನ್ನು ಒಂದೇ ಪೊಟ್ಟಣದಲ್ಲಿ ಕಟ್ಟಿಕೊಡುತ್ತಾರೆ. ಒಂದು ನೆನಪು, ಇನ್ನೊಂದು ಗಾಳಿ. ದುಂಡು ಹೆಡ್‌ಲೈಟು, ಕ್ರೋಮಿನ ಅಂಚು, ಹಳೆಯ ವಿಮಾನದಲ್ಲಿದ್ದಂಥ ಸ್ವಿಚ್ಚುಗಳು ನೆನಪಿನ ಬಾಬತ್ತು. ಗುಂಡಿ ಒತ್ತಿದರೆ ಹಿಂದಕ್ಕೆ ಮಡಚಿಕೊಳ್ಳುವ ಬಟ್ಟೆಯ ಛಾವಣಿ ಗಾಳಿಯ ಬಾಬತ್ತು. ನಾಲ್ಕು ವರ್ಷಗಳಿಂದ ಪುಣೆಯಲ್ಲಿ ಇಂಥದೊಂದು ಕಾರನ್ನು, ಸೆಕೆಂಡ್ ಹ್ಯಾಂಡ್ ಕೊಂಡ ಮಿನಿ ಕನ್ವರ್ಟಿಬಲ್ ಅನ್ನು, ಓಡಿಸುತ್ತಿದ್ದೇನೆ. ನನ್ನ ಅಭಿಪ್ರಾಯ ಇಷ್ಟು: ಮೊದಲನೆಯದು ಬಹುಪಾಲು ಸುಳ್ಳು, ಎರಡನೆಯದು ನಿಜ. ದುಡ್ಡು ಕೊಡುವುದಿದ್ದರೆ ಎರಡನೆಯದಕ್ಕೆ ಕೊಡಿ. ಕೊಟ್ಟ ಮೇಲೆ ಅದರ ಜೊತೆ ಬರುವ ಹೊಣೆಯನ್ನೂ ಹೊತ್ತುಕೊಳ್ಳಿ.

ಮೊದಲು ನೆನಪಿನ ಮಾತು. ಮೂಲ ಮಿನಿ ಹುಟ್ಟಿದ್ದು ಅಭಾವದಿಂದ. 1956ರಲ್ಲಿ ಸೂಯೆಜ್ ಬಿಕ್ಕಟ್ಟು ಬಂದು ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಪಡಿತರ ಹಾಕಿದರು. ಕಡಿಮೆ ಎಣ್ಣೆ ಕುಡಿಯುವ, ನಾಲ್ಕು ಜನ ಕೂರಬಹುದಾದ ಪುಟ್ಟ ಕಾರು ಬೇಕೆಂದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ತನ್ನ ವಿನ್ಯಾಸಕ ಅಲೆಕ್ ಇಸ್ಸಿಗೋನಿಸ್‌ಗೆ ಹೇಳಿತು. ಅವರು ಎಂಜಿನ್ನನ್ನು ಅಡ್ಡಕ್ಕೆ ತಿರುಗಿಸಿ, ಗೇರ್‌ಬಾಕ್ಸನ್ನು ಅದರ ಕೆಳಗೇ ಇಟ್ಟು, 10 ಇಂಚಿನ ಚಕ್ರ ಹಾಕಿ, ಸುಮಾರು 3 ಮೀಟರ್ ಉದ್ದದಲ್ಲಿ ಒಂದು ಸಂಸಾರ ಹಿಡಿಸಿದರು. 1959ರಲ್ಲಿ ಅದು ರಸ್ತೆಗೆ ಬಂತು. ಕಿಟಕಿ ಗಾಜು ಇಳಿಸುವ ಯಂತ್ರ ಇರಲಿಲ್ಲ, ಪಕ್ಕಕ್ಕೆ ಸರಿಸಬೇಕಿತ್ತು. ಹಾಗೆ ಉಳಿದ ಜಾಗದಲ್ಲಿ ಬಾಗಿಲಿಗೆ ದೊಡ್ಡ ಜೇಬು ಬಂತು. ಸ್ಪೀಡೋಮೀಟರ್ ನಟ್ಟನಡುವೆ ಇತ್ತು. ಸ್ಟೀರಿಂಗ್ ಎಡಕ್ಕಿದ್ದರೂ ಬಲಕ್ಕಿದ್ದರೂ ಅದೇ ಡ್ಯಾಶ್‌ಬೋರ್ಡು ನಡೆಯುತ್ತಿತ್ತು.

ನನ್ನ ಕಾರಿನಲ್ಲೂ ನಟ್ಟನಡುವೆ ಆ ದೊಡ್ಡ ದುಂಡು ಇದೆ. ಒಳಗೆ ಸ್ಪೀಡೋಮೀಟರ್ ಇಲ್ಲ, ಸ್ಕ್ರೀನ್ ಇದೆ. ಅಂದು ಖರ್ಚು ಉಳಿಸಲು ಮಾಡಿದ್ದು ಇಂದು ಅಲಂಕಾರ. 1994ರಲ್ಲಿ ಬಿಎಂಡಬ್ಲ್ಯು ಕಂಪನಿ ರೋವರ್ ಗುಂಪನ್ನು ಕೊಂಡಿತು. 2000ದಲ್ಲಿ ಅದರ ಬಹುಭಾಗವನ್ನು ಮಾರಿ ಮಿನಿ ಹೆಸರನ್ನು ತನ್ನ ಬಳಿ ಇಟ್ಟುಕೊಂಡಿತು. ಹೊಸ ಮಿನಿ 2001ರಲ್ಲೂ ಅದರ ಕನ್ವರ್ಟಿಬಲ್ 2004ರಲ್ಲೂ ಬಂದವು. ತಮಾಷೆಯೆಂದರೆ, ಮೂಲ ಮಿನಿಗೆ ಛಾವಣಿ ತೆರೆಯುವ ರೂಪವನ್ನು ಅದರ ಕಂಪನಿ ಮೂವತ್ತು ವರ್ಷ ಮಾಡಲೇ ಇಲ್ಲ. ಮೋಕ್ ಎಂಬ ಬೇರೆಯೇ ತೆರೆದ ಗಾಡಿಯೊಂದಿತ್ತು, ಅಷ್ಟೆ. ಕ್ಯಾಬ್ರಿಯೊಲೆ ಬಂದದ್ದು 1990ರ ದಶಕದ ಆರಂಭದಲ್ಲಿ, ಅದೂ ಬೆರಳೆಣಿಕೆ ಅನ್ನುವಷ್ಟು. ಅಂದರೆ ನನ್ನ ಕಾರು ಯಾವ ಹಳೇ ದಿನಗಳನ್ನು ನೆನಪಿಸುತ್ತದೆಯೋ ಆ ದಿನಗಳ ರಸ್ತೆಯಲ್ಲಿ ಕಂಪನಿಯೇ ಮಾಡಿದ ಇಂಥ ಕಾರು ಓಡಾಡುತ್ತಲೇ ಇರಲಿಲ್ಲ.

ಇರಲಿ, ಅದು ಬ್ರಿಟಿಷರ ಪಾಡು. ನಮ್ಮ ಪ್ರಶ್ನೆ ಬೇರೆ. ಧಾರವಾಡದಲ್ಲಿ ಬೆಳೆದ ನನಗೆ 1959ರ ಲಂಡನ್ನಿನ ನೆನಪು ಎಲ್ಲಿಂದ ಬರಬೇಕು? ನಮ್ಮ ತೆರೆದ ಗಾಡಿ ಯಾವುದೆಂದು ಕೇಳಿದರೆ ಉತ್ತರ ಜೀಪು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಆಳು, ಗೊಬ್ಬರ, ಅಕ್ಕಿಮೂಟೆ, ಆಸ್ಪತ್ರೆಗೆ ಹೊರಟ ಬಸುರಿ ಎಲ್ಲರನ್ನೂ ಹೊತ್ತದ್ದು ಕ್ಯಾನ್ವಾಸ್ ಹೊದ್ದ ಜೀಪು. ಮಹೀಂದ್ರ 2020ರ ಆಗಸ್ಟ್ 15ರಂದು ತೋರಿಸಿದ ಹೊಸ ಥಾರ್ ಆ ಜೀಪಿನ ಮುಖವನ್ನೇ ಹೊತ್ತು ಬಂತು, ಬಿಚ್ಚಬಹುದಾದ ಬಟ್ಟೆಯ ಟಾಪ್ ಕೂಡ ಅದರಲ್ಲಿ ಸಿಗುತ್ತಿತ್ತು. ನೆನಪಿನ ಲೆಕ್ಕದಲ್ಲಿ ನನ್ನ ಮಿನಿಗಿಂತ ಆ ಥಾರ್ ಪ್ರಾಮಾಣಿಕ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಮುಂಬೈ ಬೀದಿಗಳಿಂದ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ಹೊರಟುಹೋಯಿತು. ಮುಂಬೈಯಲ್ಲಿರುವ ನಮ್ಮ ಎಷ್ಟೋ ಮನೆಗಳ ಮದುವೆ, ಹೆರಿಗೆ, ದಾದರ್ ಸ್ಟೇಷನ್ನಿನ ಓಡಾಟ ಎಲ್ಲ ಆ ಪದ್ಮಿನಿಯಲ್ಲೇ ಆಗಿದ್ದವು. ಅದಕ್ಕೊಂದು ಹೊಸ ಅವತಾರ ಕೊಟ್ಟು ಶೋರೂಮಿನಲ್ಲಿ ನಿಲ್ಲಿಸಿದವರಿಲ್ಲ.

ಇನ್ನೊಂದು ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದಿಂದ ಜಾವಾ, ಆಮೇಲೆ ಯೆಜ್ಡಿ ಬೈಕುಗಳು ತಯಾರಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಮರಳಿ ಬಂತು. ಅದೇ ಟ್ಯಾಂಕು, ಅದೇ ಜೋಡಿ ಸೈಲೆನ್ಸರು, ಅದೇ ಮರೂನ್ ಬಣ್ಣ. ಆದರೆ ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೊಸ ಬೈಕು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆಕಾರ ಮರಳಿ ಬರುತ್ತದೆ, ಅದನ್ನು ಮಾಡುತ್ತಿದ್ದ ಕೈಗಳು ಬರುವುದಿಲ್ಲ. ರೆಟ್ರೊ ಎಂಬ ವ್ಯಾಪಾರದ ಗುಟ್ಟು ಇಷ್ಟೇ. ಹಳೆಯದರಲ್ಲಿ ಮಾರಾಟಕ್ಕೆ ಅನುಕೂಲವಾದ ಭಾಗ ಚಹರೆ ಮಾತ್ರ. ಅದನ್ನು ಇಷ್ಟಪಡಿ, ನಾನೂ ಇಷ್ಟಪಡುತ್ತೇನೆ. ಇತಿಹಾಸವನ್ನೇ ಮನೆಗೆ ತಂದೆ ಎಂದು ಮಾತ್ರ ತಿಳಿಯಬೇಡಿ.

ಈಗ ಗಾಳಿಯ ಮಾತು. ಕಾರು ಹುಟ್ಟಿದಾಗ ಅದಕ್ಕೆ ತಲೆಯ ಮೇಲೆ ಗಟ್ಟಿ ಸೂರು ಇರಲಿಲ್ಲ. ಅಮೆರಿಕದಲ್ಲಿ ಮುಚ್ಚಿದ ಕಾರುಗಳು ಅಗ್ಗವಾಗಿ ಬಹುಸಂಖ್ಯಾತವಾದದ್ದು 1920ರ ದಶಕದಲ್ಲಿ. ಆಮೇಲೆ ಹೀಟರ್, ಏಸಿ, ಕಪ್ಪು ಗಾಜು, ಸದ್ದು ತಡೆಯುವ ರಬ್ಬರು ಒಂದೊಂದಾಗಿ ಬಂದವು. ಇವತ್ತು ಒಳ್ಳೆಯ ಕಾರು ಎಂದರೆ ಹೊರಗಿನದು ಏನೂ ಒಳಗೆ ಬಾರದ ಕಾರು. ಕನ್ವರ್ಟಿಬಲ್ ಒಂದೇ ಈ ಪ್ರವಾಹಕ್ಕೆ ಎದುರಾಗಿ ಈಜುತ್ತದೆ, ಅದಕ್ಕೆ ಬೆಲೆಯನ್ನೂ ತೆರುತ್ತದೆ. ಛಾವಣಿಯೂ ಕಾರಿನ ಮೈಗೆ ಬಿಗಿ ಕೊಡುವ ಒಂದು ಭಾಗ. ಅದನ್ನು ತೆಗೆದರೆ ಬಾಗಿಲ ಕೆಳಗಿನ ಪಟ್ಟಿಗೂ ಮುಂಗಾಜಿನ ಚೌಕಟ್ಟಿಗೂ ಹೆಚ್ಚು ಉಕ್ಕು ಸುರಿಯಬೇಕು, ತೂಕ ಏರುತ್ತದೆ. ನನ್ನ ಕಾರಿನ ಹಿಂಸೀಟಿನ ಹಿಂದೆ ಎರಡು ಕಂಬಿಗಳು ಅಡಗಿವೆ. ಕಾರು ಮಗುಚುವಂತಿದ್ದರೆ ಅವು ತಾವಾಗಿ ಮೇಲೇಳುತ್ತವೆ. ಛಾವಣಿ ಮುಚ್ಚಿದಾಗ ಡಿಕ್ಕಿಯಲ್ಲಿ 215 ಲೀಟರ್ ಜಾಗ, ತೆರೆದರೆ 160. ಹಿಂದೆ ಇಬ್ಬರು ದೊಡ್ಡವರು ಕೂತರೆ ಮೊಣಕಾಲು ಎದೆಗೆ ಬರುತ್ತದೆ. ಕಾರು ಪೂರ್ತಿ ಆಮದು, ಸುಂಕ ಸೇರಿ ಹೊಸದರ ಬೆಲೆ ಆಕಾಶಕ್ಕೆ ಹೋಗುತ್ತದೆ. ಇಷ್ಟೆಲ್ಲ ಕಳೆದುಕೊಂಡು ಸಿಗುವುದೇನು?

ಪುಣೆಯಿಂದ ಧಾರವಾಡಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ನಿಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತು. ಮುಚ್ಚಿದ ಕಾರಿನಲ್ಲಿ ಅದನ್ನು ನೂರು ಸಲ ಹೋಗಿ ಬಂದವರಿಗೂ ಅದರ ವಾಸನೆ ಗೊತ್ತಿರಲಿಕ್ಕಿಲ್ಲ. ಡಿಸೆಂಬರಿನ ಬೆಳಿಗ್ಗೆ ಖಂಬಾಟ್ಕಿ ಘಾಟಿನಲ್ಲಿ ತಣ್ಣನೆಯ ಕಲ್ಲಿನ ವಾಸನೆ. ಕರಾಡ್ ದಾಟಿದ ಮೇಲೆ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಿಂದೆ ಹಸಿ ಸಿಹಿ. ಕೊಲ್ಹಾಪುರದ ಆಸುಪಾಸು ಆಲೆಮನೆಯ ಬೆಲ್ಲ ಕುದಿಯುವ ಘಮ. ನಿಪ್ಪಾಣಿಗೆ ಬಂದರೆ ತಂಬಾಕು. ಕರ್ನಾಟಕಕ್ಕೆ ಬಂದೆ ಎಂದು ನನಗೆ ಬೋರ್ಡಿಗಿಂತ ಮೊದಲು ಹೇಳುವುದು ಮೂಗು. ಬೆಳಗಾವಿ ದಾಟಿದ ಮೇಲೆ, ಮಳೆಗಾಲ ಮುಗಿದ ಹೊತ್ತಿನಲ್ಲಾದರೆ, ಒದ್ದೆ ಕಪ್ಪು ಮಣ್ಣು. 80 ಕಿಲೋಮೀಟರ್ ದಾಟಿದರೆ ಗಾಳಿಯ ಅಬ್ಬರದಲ್ಲಿ ಮಾತು ಕೇಳಿಸುವುದಿಲ್ಲ, ಹಾಡಂತೂ ದಂಡ. ಹಾಗಾಗಿ ನಿಧಾನವಾಗಿ ಹೋಗುತ್ತೇವೆ. ಈ ಕಾರು ನನಗೆ ಮಾಡಿದ ಮೊದಲ ಉಪಕಾರ ಅದು.

ಎರಡನೆಯ ಉಪಕಾರವನ್ನು ಮೊದಲು ಗುರುತಿಸಿದವರು ನಮ್ಮ ಕಾಕಾ. ಕಾರು ನೋಡಿದ ಕೂಡಲೇ ಅವರು ಅಂದದ್ದು, “ಏನವಾ, ಇಷ್ಟು ರೊಕ್ಕಾ ಕೊಟ್ಟು ಮ್ಯಾಲ ಮಾಳಗೀನ ಇಲ್ಲದ ಗಾಡಿ ತಂದೀಯಲ್ಲ!” ಆದರೂ ಸಂಜೆ ತಾವೇ ಹತ್ತಿ ಕೂತರು. ಸಪ್ತಾಪುರದಿಂದ ಲೈನ್ ಬಜಾರಿಗೆ ಹೋಗುವಷ್ಟರಲ್ಲಿ ಹತ್ತು ಜನರಿಗೆ ನಮಸ್ಕಾರ ಮಾಡಿ, ಇಬ್ಬರಿಗೆ ಕುಶಲ ಕೇಳಿ, ಒಬ್ಬರ ಮಗನ ನೌಕರಿ ವಿಚಾರ ಮುಗಿಸಿದರು. ಇಳಿಯುವಾಗ ಅಂದರು, “ಇದರಾಗ ಕುಂತ್ರ ಯಾರನ್ನೂ ನೋಡಲಾರದಂಗ ಹೋಗಾಕ ಆಗೂದಿಲ್ಲ ನೋಡು.”

ಮಾತು ಸರಿಯಾಗಿತ್ತು, ಅದರ ಇನ್ನೊಂದು ಮಗ್ಗುಲೂ ಇದೆ. ನೋಡುವವರೆಲ್ಲ ಕಾಕಾನ ಗೆಳೆಯರಾಗಿರುವುದಿಲ್ಲ. ಹೆಣ್ಣೊಬ್ಬಳು ಛಾವಣಿ ತೆರೆದ ಕಾರು ಓಡಿಸಿದರೆ ಪಕ್ಕದ ಕಾರಿನಿಂದ ಮೊಬೈಲ್ ಮೇಲೇಳುತ್ತದೆ, ಬೈಕಿನವರು ಅಡ್ಡ ಬಂದು ಏನೋ ಅಂದು ಹೋಗುತ್ತಾರೆ. ರಾತ್ರಿ ಹತ್ತರ ಮೇಲೆ ಒಬ್ಬಳೇ ಇದ್ದಾಗ ನಾನು ಛಾವಣಿ ತೆರೆಯುವುದಿಲ್ಲ. ಯಾವ ಹೆಣ್ಣುಮಗಳಿಗೂ ತೆರೆ ಎಂದು ಉಪದೇಶಿಸುವುದೂ ಇಲ್ಲ. ಹಗಲು ಮಾತ್ರ ಬಿಟ್ಟುಕೊಟ್ಟಿಲ್ಲ. ಊರಿನ ರಸ್ತೆಯಲ್ಲಿ ಬಿಸಿಲಿಗೆ ಮುಖ ಕೊಟ್ಟು ನನ್ನ ಪಾಡಿಗೆ ನಾನು ಹೋಗುವುದು ಗಂಡಸರಿಗೆ ಸಹಜವಾದಷ್ಟೇ ನನಗೂ ಸಹಜವಾಗಬೇಕು. ಅದು ಸಹಜವಾಗುವುದು ಮಾಡಿ ಮಾಡಿಯೇ.

ಇನ್ನು ಆಕ್ಷೇಪಗಳು. ಬಿಸಿಲು, ಧೂಳು, ಹೊಗೆ ಇರುವ ಈ ದೇಶಕ್ಕೆ ಕನ್ವರ್ಟಿಬಲ್ ಯಾಕೆ ಎನ್ನುವವರ ಮಾತಿನಲ್ಲಿ ಹುರುಳಿದೆ. ಚೆನ್ನೈನ ಮೇ ತಿಂಗಳಲ್ಲಿ ಛಾವಣಿ ತೆರೆಯುವುದು ಶಿಕ್ಷೆ. ದೆಹಲಿಯ ನವೆಂಬರಿನಲ್ಲಿ ಅದು ರೋಗಕ್ಕೆ ಆಹ್ವಾನ. ಪುಣೆಯಲ್ಲೂ ನನ್ನ ವೇಳೆ ಬೆಳಿಗ್ಗೆ ಎಂಟರೊಳಗೆ, ಸಂಜೆ ಆರರ ಮೇಲೆ. ತಲೆಗೆ ಟೋಪಿ ಬೇಕು. ಮಳೆಗಾಲಕ್ಕೆ ಮುಂಚೆ ಛಾವಣಿಯ ಅಂಚಿನ ನೀರು ಹರಿಯುವ ಸಂದುಗಳಿಂದ ಎಲೆ, ಕಸ ತೆಗೆಯಬೇಕು. ಬೇವಿನ ಮರದಡಿ, ಕಾಗೆ ಕೂರುವ ತಂತಿಯಡಿ ನಿಲ್ಲಿಸಬಾರದು. ಮನೆಗೆ ಒಂದೇ ಕಾರು ಎನ್ನುವವರು ಇದನ್ನು ಕೊಳ್ಳಬೇಡಿ. ಸಾಲ ಮಾಡಿ ಕೊಳ್ಳುವವರಂತೂ ಖಂಡಿತ ಬೇಡ. ಶೋಕಿ ಎನ್ನುವ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಇದು ಶೋಕಿಯೇ. ಆದರೆ ಅದಕ್ಕಿಂತ ಹೆಚ್ಚು ಬೆಲೆಯ, ಕಪ್ಪು ಗಾಜಿನ, ರಸ್ತೆಯ ಅರ್ಧ ಹಿಡಿಯುವ ಎಸ್‌ಯುವಿಯನ್ನು ನಾವು ಶೋಕಿ ಎನ್ನದೆ ಅನುಕೂಲ ಎನ್ನುತ್ತೇವೆ. ಅದು ನನಗೆ ಒಪ್ಪಿಗೆಯಿಲ್ಲ.

ನಿಜವಾದ ಪ್ರಶ್ನೆ ಎದುರಾದದ್ದು ಬೇರೆ ಕಡೆಯಿಂದ. ಗಣೇಶಖಿಂಡ್ ರಸ್ತೆಯ ಸಿಗ್ನಲ್ಲಿನಲ್ಲಿ ಒಂದು ಮಾರ್ಚ್ ಬೆಳಿಗ್ಗೆ ಪಕ್ಕದಲ್ಲಿ ಸ್ಕೂಟರಿನ ಮೇಲೆ ಒಬ್ಬಳು ಹುಡುಗಿ ನಿಂತಿದ್ದಳು. ಪುಣೆಯ ಹುಡುಗಿಯರು ಕಟ್ಟಿಕೊಳ್ಳುವಂತೆ ಮುಖಕ್ಕೆಲ್ಲ ಸ್ಕಾರ್ಫ್ ಸುತ್ತಿ ಕಣ್ಣು ಮಾತ್ರ ಬಿಟ್ಟಿದ್ದಳು. “ತಾಈ, ಊನ್ ನಾಹೀ ಲಾಗತ್ ಕಾ?” ಎಂದು ಕೇಳಿದಳು. ಅಕ್ಕಾ, ಬಿಸಿಲು ತಾಗುವುದಿಲ್ಲವೇ ಎಂದು. ಹಂಗಿಸುವ ದನಿ ಇರಲಿಲ್ಲ, ಕುತೂಹಲ ಅಷ್ಟೆ. ಮುಂದಿದ್ದ ಬಸ್ಸು ಹೊಗೆ ಬಿಟ್ಟಿತು. ನನ್ನ ಬೆರಳು ತಾನಾಗಿ ಗುಂಡಿಯ ಮೇಲೆ ಹೋಯಿತು. ಈ ಕಾರಿನ ಛಾವಣಿ 18 ಸೆಕೆಂಡಿನಲ್ಲಿ ಮುಚ್ಚಿಕೊಳ್ಳುತ್ತದೆ, ಗಂಟೆಗೆ 30 ಕಿಲೋಮೀಟರ್ ವೇಗದವರೆಗೆ ಚಲಿಸುತ್ತಲೇ ಮುಚ್ಚಬಹುದು. ಅವಳಿಗೆ ಒತ್ತಲು ಗುಂಡಿ ಇಲ್ಲ. ಸ್ಕಾರ್ಫೇ ಅವಳ ಛಾವಣಿ.

ನಾನು ಭೋಗವೆಂದು ದುಡ್ಡು ಕೊಟ್ಟು ಕೊಂಡ ಬಿಸಿಲು, ಗಾಳಿ, ಧೂಳು ಈ ಊರಿನ ಲಕ್ಷಾಂತರ ಜನರ ದಿನದ ಪಾಡು. ಆಟೋದವರು, ಸ್ಕೂಟರಿನವರು, ಬಸ್‌ಸ್ಟಾಪಿನಲ್ಲಿ ನಿಂತವರು, ಸಿಗ್ನಲ್ಲಿನಲ್ಲಿ ಗಜರಾ ಮಾರುವ ಮಕ್ಕಳು ಎಲ್ಲರೂ ಕನ್ವರ್ಟಿಬಲ್‌ನಲ್ಲೇ ಇದ್ದಾರೆ. ನನಗೂ ಅವರಿಗೂ ವ್ಯತ್ಯಾಸ ಆ 18 ಸೆಕೆಂಡು. ತೆರೆದ ಕಾರಿನಲ್ಲಿ ಕೂತು ನಾನು ಅವರಲ್ಲೊಬ್ಬಳಾದೆ ಎಂದುಕೊಳ್ಳುವುದು ಆತ್ಮವಂಚನೆ. ಹಾಗೆಂದು ಛಾವಣಿ ಮುಚ್ಚಿಕೊಂಡು ಹೋದರೆ ಅವರಿಗೆ ಒಳ್ಳೆಯದಾಗುವುದೂ ಇಲ್ಲ.

ನಮ್ಮ ಊರುಗಳಲ್ಲಿ ರಸ್ತೆ ಹೇಗಿರಬೇಕು, ಮರ ಉಳಿಯಬೇಕೋ ಕಡಿಯಬೇಕೋ, ಕಾಲುದಾರಿಗೆ ಜಾಗ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವವರು ಬಹುಪಾಲು ಮುಚ್ಚಿದ ಗಾಜಿನೊಳಗೆ ಓಡಾಡುವವರು. ಅವರಿಗೆ ಊರು ಕಾಣುವುದು ಸದ್ದಿಲ್ಲದ ಸಿನಿಮಾದಂತೆ. ಛಾವಣಿ ತೆರೆದು ಓಡಿಸಿದರೆ ಒಂದೇ ವಾರದಲ್ಲಿ ತಿಳಿಯುವ ಸಂಗತಿಗಳಿವೆ. ಮರದ ಸಾಲಿರುವ ರಸ್ತೆಗೂ ಅಗಲಿಸಲೆಂದು ಮರ ಕಡಿದ ರಸ್ತೆಗೂ ಇರುವ ಸೆಕೆಯ ವ್ಯತ್ಯಾಸವನ್ನು ಚರ್ಮವೇ ಹೇಳುತ್ತದೆ. ಯಾವ ತಿರುವಿನಲ್ಲಿ ಕಸ ಸುಡುತ್ತಾರೆ, ಎಲ್ಲಿ ಚರಂಡಿ ಒಡೆದಿದೆ, ಯಾವ ಶಾಲೆಯ ಮುಂದೆ ಹಾರ್ನು ನಿಲ್ಲುವುದೇ ಇಲ್ಲ ಎಂದು ಯಾರನ್ನೂ ಕೇಳಬೇಕಿಲ್ಲ. ನಮ್ಮ ಬಡಾವಣೆಯಲ್ಲಿ ಎಲೆ ಸುಡುವುದನ್ನು ನಿಲ್ಲಿಸಲು ನಾನು ಪಾಲಿಕೆಗೆ ಅರ್ಜಿ ಬರೆದೆ. ಏಸಿ ಕಾರಿನಲ್ಲಿದ್ದಾಗಲೂ ಅಲ್ಲಿ ಎಲೆ ಸುಡುತ್ತಲೇ ಇದ್ದರು. ನನ್ನ ಮೂಗಿಗೆ ಬಂದಿರಲಿಲ್ಲ, ಅಷ್ಟೆ.

ಆದ್ದರಿಂದ ಇಂಥ ಕಾರು ಕೊಳ್ಳುವ ಯೋಚನೆಯಲ್ಲಿರುವವರಿಗೆ ನನ್ನ ಸಲಹೆ ಎರಡು. ಚಹರೆಗಾಗಿ ಕೊಳ್ಳಬೇಡಿ. ಅದು ಆರು ತಿಂಗಳಿಗೆ ಕಣ್ಣಿಗೆ ಹಳತಾಗುತ್ತದೆ, ಮೇಲಾಗಿ ಆ ನೆನಪು ನಿಮ್ಮದಲ್ಲ. ಛಾವಣಿಗಾಗಿ ಕೊಳ್ಳಿ, ಕೊಂಡರೆ ತಾಮ್ಹಿಣಿ ಘಾಟಿನ ಹಸಿರಿಗೆ ಮಾತ್ರ ಅದನ್ನು ಮೀಸಲಿಡಬೇಡಿ. ಊರೊಳಗೂ ತೆರೆಯಿರಿ. ವಾರಕ್ಕೆರಡು ದಿನ ಸಾಕು, ಆಫೀಸಿನ ದಾರಿಯಲ್ಲೇ ಆಗಲಿ. ಸಿಗ್ನಲ್ಲಿನಲ್ಲಿ ಬಸ್ಸಿನ ಹೊಗೆ ಬಂದಾಗ ಬೆರಳು ಗುಂಡಿಯ ಮೇಲೆ ಹೋಗುತ್ತದೆ, ನನ್ನದು ಈಗಲೂ ಹೋಗುತ್ತದೆ. ಮುಚ್ಚಬೇಕೆನಿಸಿದರೆ ಮುಚ್ಚಿ, ಪಾಪವೇನಲ್ಲ. ಆದರೆ ಆ ಹೊಗೆಯ ಬಗ್ಗೆ ಸಂಜೆ ಒಂದು ಕಾಗದ ಬರೆಯಿರಿ. ಗುಂಡಿ ಇಲ್ಲದವರ ಪರವಾಗಿ ಗುಂಡಿ ಇರುವವರು ಮಾಡಬಹುದಾದ ಕನಿಷ್ಠ ಕೆಲಸ ಅದು.