ಲಿಂಡ್‌ಹೋಲ್ಮೆನ್ ಡೈರಿ: ತಿರುಳು ಮೊದಲು, ಸಿಪ್ಪೆ ಆಮೇಲೆ

ಈ ಸಲ ಸ್ವಲ್ಪ ಕಂಪ್ಯೂಟರ್ ಮಾತು. ಓಡಿ ಹೋಗ್ಬೇಡಿ, ನಡುವೆ ನಮ್ಮಜ್ಜಿ ಹಾಡೂ ಇದೆ, ತೀರ್ಥಹಳ್ಳಿ ಮಳೆಯೂ ಇದೆ :-)

ಫ್ರೀಬಿಎಸ್‌ಡಿ ಅಂತ ಒಂದು ಆಪರೇಟಿಂಗ್ ಸಿಸ್ಟಮ್ ಇದೆ. ಲಿನಕ್ಸಿಗೆ ದಾಯಾದಿ ಅಂದ್ಕೊಳ್ಳಿ. ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್ ವಂಶದ್ದು, 1993ರ ನವೆಂಬರಿನಲ್ಲಿ ಮೊದಲ ಆವೃತ್ತಿ ಬಂತು. ಇದರಲ್ಲಿ ಕರ್ನೆಲ್ಲೂ, ಅದರ ಸುತ್ತ ಇರೋ ಶೆಲ್ಲು, ಲೈಬ್ರರಿ, ಚಿಲ್ಲರೆ ಪಲ್ಲರೆ ಕಮಾಂಡುಗಳೂ ಎಲ್ಲ ಒಂದೇ ಕಡೆ, ಒಂದೇ ಸೋರ್ಸ್ ಕೋಡಿನ ಗಂಟಲ್ಲಿ ಸಿಗ್ತವೆ. ಆ ಗಂಟನ್ನ ಇಳಿಸಿಕೊಂಡು ಒಂದು ಕಮಾಂಡ್ ಕೊಟ್ರೆ ನಿಮ್ಮ ಕಂಪ್ಯೂಟರ್ ತನ್ನ ಮುಂದಿನ ಆವೃತ್ತಿಯನ್ನ ತಾನೇ ಕಟ್ಟಿಕೊಳ್ಳುತ್ತೆ. ಆ ಕಮಾಂಡಿನ ಹೆಸರು 'ಮೇಕ್ ಬಿಲ್ಡ್‌ವರ್ಲ್ಡ್'. ಜಗತ್ತನ್ನ ಕಟ್ಟು! ಬ್ರಹ್ಮನಿಗೆ ಹೇಳೋ ಮಾತನ್ನ ಇವರು ಮೂಲೇಲಿ ಕೂತಿರೋ ಡಬ್ಬಕ್ಕೆ ಹೇಳ್ತಾರೆ ನೋಡಿ.

ಅಂಥದೊಂದು ಡಬ್ಬ ತೀರ್ಥಹಳ್ಳಿ ಹತ್ತಿರದ ನಮ್ಮನೇಲಿದೆ. ನಾನಿರೋದು ಗೋಥೆನ್‌ಬರ್ಗಿನ ಲಿಂಡ್‌ಹೋಲ್ಮೆನ್‌ನಲ್ಲಿ. ಆ ಡಬ್ಬದಲ್ಲಿ ಮೂರು ಥರದ ಸಾಮಾನಿದೆ. ಒಂದು, ಅಪ್ಪ ಅಂಗಳದ ಮಳೆಮಾಪಕ ನೋಡಿ ದಿನಾ ಬೆಳಿಗ್ಗೆ ಬರೆಯೋ ಮಳೆ ಲೆಕ್ಕ. ಎರಡು, ಅಪ್ಪ ಮೇಷ್ಟ್ರಾಗಿದ್ದಾಗ 'ನುಡಿ'ಯಲ್ಲಿ ಟೈಪ್ ಮಾಡಿಟ್ಟ ಬರಹಗಳು. ಮೂರು, ತೀರಿಹೋಗೋ ಎರಡು ವರ್ಷ ಮುಂಚೆ ಅಜ್ಜಿ ಹೇಳಿದ ಸಂಪ್ರದಾಯದ ಹಾಡುಗಳ ರೆಕಾರ್ಡಿಂಗು. ಸಂಜೆ ದೀಪ ಹಚ್ಚೋ ಹೊತ್ತಿಗೆ ಅಮ್ಮ ಅದನ್ನ ಹಾಕ್ತಾಳೆ. ಅತ್ತೆ ಬದುಕಿದ್ದಾಗ ಇಬ್ಬರಿಗೂ ಅಷ್ಟಕ್ಕಷ್ಟೇ, ಈಗ ಮಾತ್ರ ಒಂದು ದಿನ ಹಾಡು ಬರದಿದ್ರೆ ನನಗೆ ಫೋನು!

ಡಬ್ಬದಲ್ಲಿದ್ದದ್ದು ಫ್ರೀಬಿಎಸ್‌ಡಿ 13. ಆ ಸರಣಿಗೆ ಭದ್ರತೆಯ ತೇಪೆ ಸಿಗೋ ಕೊನೆ ದಿನ 2026ರ ಏಪ್ರಿಲ್ 30 ಅಂತ ಮೊದಲೇ ಹೇಳಿದ್ರು. ಆಮೇಲೆ ತೂತು ಕಂಡ್ರೂ ಮುಚ್ಚೋರಿಲ್ಲ. ನಾನು ಇಲ್ಲಿಂದ ಒಳಗೆ ಹೋಗೋಕೆ ಒಂದು ಬಾಗಿಲು ತೆರೆದಿಟ್ಟಿರೋದ್ರಿಂದ ಹಾಗೆ ಬಿಡೋ ಹಾಗಿಲ್ಲ. ಹಾಗಾಗಿ 2025ರ ಮೇ ತಿಂಗಳಲ್ಲಿ, ಮಳೆಗಾಲ ಹಿಡಿಯೋಕೆ ಮುಂಚೆ, 14.2ಕ್ಕೆ ಏರಿಸೋದು ಅಂತ ಅಪ್ಪನೂ ನಾನೂ ನಿಶ್ಚಯ ಮಾಡಿದ್ವಿ. ನಮ್ಮ ಕಡೆ ಹೆಂಚು ಕೈಯಾಡಿಸೋದೂ ಅದೇ ಹೊತ್ತಿಗೆ ತಾನೇ? ಮಳೆ ಬಂದ ಮೇಲೆ ಮಾಡಿಗೆ ಹತ್ತೋನು ಮೂರ್ಖ.

"ರೆಡಿಮೇಡ್ ಸಿಗಲ್ವಾ?" ಅಂತ ನೀವು ಕೇಳಬಹುದು. ಸಿಗುತ್ತೆ. 2007ರ 6.2 ಆವೃತ್ತಿಯಿಂದ 'ಫ್ರೀಬಿಎಸ್‌ಡಿ-ಅಪ್‌ಡೇಟ್' ಅನ್ನೋ ಸಲಕರಣೆ ಸಿಸ್ಟಮ್ಮಿನ ಜೊತೆಗೇ ಬರುತ್ತೆ. ಕಟ್ಟಿದ ಫೈಲುಗಳನ್ನೇ ತಂದು ಕೂರಿಸುತ್ತೆ. 2025ರ ಡಿಸೆಂಬರಿನಲ್ಲಿ ಬಂದ 15.0ರಲ್ಲಂತೂ ಇಡೀ ಸಿಸ್ಟಮ್ಮನ್ನೇ ಪ್ಯಾಕೇಜುಗಳಾಗಿ ಹಾಕಿಕೊಳ್ಳೋ ದಾರೀನೂ ಇದೆ. ಹೆಚ್ಚಿನವರಿಗೆ ಅದೇ ಸರಿ. ಆದ್ರೆ ನಮ್ಮ ಡಬ್ಬದ ಕರ್ನೆಲ್ಲಿನಲ್ಲಿ ಮಳೆಮಾಪಕದ ಯುಎಸ್‌ಬಿ ತುಂಡಿಗಾಗಿ ಎರಡು ಸಾಲಿನ ತಿದ್ದುಪಡಿ ಇದೆ. ಹೀಗೆ ಕೈಯಾಡಿಸಿದ ಕರ್ನೆಲ್ಲನ್ನ ಆ ಸಲಕರಣೆ ಕಟ್ಟಿಕೊಡಲ್ಲ. ಸ್ವಂತ ಅಳತೆ ಅಂಗಿ ಬೇಕು ಅಂದ್ರೆ ದರ್ಜಿ ಹತ್ರಾನೇ ಹೋಗ್ಬೇಕು.

ಇನ್ನು ಕ್ರಮ. ಇದರಲ್ಲಿರೋ ಜಾಣತನವೆಲ್ಲ ಕ್ರಮದಲ್ಲೇ ಇದೆ. ಸೋರ್ಸಿನ ಗಂಟಲ್ಲಿ 'ಅಪ್‌ಡೇಟಿಂಗ್' ಅಂತ ಒಂದು ಸಾದಾ ಫೈಲಿರುತ್ತೆ. ಪಂಚಾಂಗದ ಹಾಗೆ ತಾರೀಕುವಾರು: ಇಂಥ ದಿನ ಇಂಥದ್ದು ಬದಲಾಯ್ತು, ದಾಟೋರು ಇಂಥದನ್ನ ಮೊದಲು ಮಾಡಿ. ಯಾರೋ ಎಲ್ಲೋ ಮಷಿನ್ ಕೆಡಿಸಿಕೊಂಡು ಕಲಿತದ್ದು ಅಲ್ಲಿ ಎರಡು ಸಾಲಾಗಿ ಕೂತಿರುತ್ತೆ. ಮೊದಲು ಅದನ್ನ ಓದೋದು.

ಆಮೇಲೆ ಬಿಲ್ಡ್‌ವರ್ಲ್ಡ್. ಇದು ನೇರವಾಗಿ ಹೊಸ ಸಿಸ್ಟಮ್ ಕಟ್ಟೋಕೆ ಕೂರಲ್ಲ. ಹಳೆ ಕಂಪೈಲರ್ ಹಿಡಿದು ಮೊದಲು ಹೊಸ ಕಂಪೈಲರನ್ನ ಕಟ್ಟುತ್ತೆ, ಆ ಹೊಸ ಕಂಪೈಲರಿನಿಂದ ಮಿಕ್ಕ ಜಗತ್ತನ್ನ ಕಟ್ಟುತ್ತೆ. ಮನೆ ಕಟ್ಟೋಕೆ ಮುಂಚೆ ಬಾಚಿ ಉಳಿಗಳನ್ನೇ ಹೊಸದಾಗಿ ಮಾಡಿಸಿಕೊಂಡ ಹಾಗೆ. ಹೆಚ್ಚಿನ ಸಮಯ ತಿನ್ನೋದೂ ಆ ಕಂಪೈಲರೇ. ಕಟ್ಟಿದ್ದೆಲ್ಲ 'ಒಬಿಜೆ' ಅನ್ನೋ ಬೇರೆ ಫೋಲ್ಡರಿನಲ್ಲಿ ಬೀಳುತ್ತೆ. ಓಡ್ತಾ ಇರೋ ಸಿಸ್ಟಮ್ಮಿಗೆ ಒಂದು ಗೀರೂ ಬೀಳಲ್ಲ. ಇದಾದ ಮೇಲೆ 'ಬಿಲ್ಡ್‌ಕರ್ನೆಲ್'. ಹೊಸ ಕರ್ನೆಲ್ಲು ಹೊಸ ಕಂಪೈಲರಿನಲ್ಲೇ ಹುಟ್ಟಬೇಕು, ಅದಕ್ಕೇ ಎರಡನೇ ಸ್ಥಾನ.

ಬೇರೆ ಕಡೆ ಕಟ್ಟೋದರ ಬೆಲೆ ನಮಗೆ ಆವತ್ತೇ ಗೊತ್ತಾಯ್ತು. ಐದು ಗಂಟೆ ಕಟ್ಟಿರಬಹುದು, ಅಲ್ಲಿ ಗುಡುಗು ಶುರುವಾಯ್ತು, ಕರೆಂಟ್ ಹೋಯ್ತು. ಅಪ್ಪ ಫೋನಲ್ಲಿ, "ಯುಪಿಎಸ್ ಕುಂಯ್ ಅಂತಾ ಇದೆ ಮಾರಾಯ, ಎಂತ ಮಾಡೂದು? ಎಲ್ಲಾ ಹೋಯ್ತಾ?" "ಎಂತದೂ ಹೋಗಿಲ್ಲ ಅಪ್ಪ, ಆರಿಸಿ ಮಲಗಿ." ಮಾರನೇ ದಿನ ಹಚ್ಚಿದ್ರೆ ಹಳೆ ಸಿಸ್ಟಮ್ಮು ಇದ್ದ ಹಾಗೇ ಎದ್ದು ಕೂತಿತ್ತು, ಸಂಜೆ ಹಾಡೂ ಬಂತು. ಹೋಗಿದ್ದು ಐದು ಗಂಟೆ ವಿದ್ಯುತ್ತು ಮಾತ್ರ. ಹಳೆ ಮನೇಲಿ ವಾಸ ಮಾಡ್ತಾನೇ ಹಿತ್ತಲಲ್ಲಿ ಹೊಸ ಮನೆ ಕಟ್ಟೋದು ಅಂದ್ರೆ ಇದೇ.

ಈಗ ಬರೋದು ಮುಖ್ಯ ಘಟ್ಟ. ಕಟ್ಟಾಯ್ತು, ಕೂರಿಸಬೇಕು. ಮೊದಲು ಯಾವುದು, ಕರ್ನೆಲ್ಲೋ ಜಗತ್ತೋ?

ಸ್ವೀಡಿಷ್‌ನಲ್ಲಿ ಕರ್ನೆಲ್ಲಿಗೆ ಹೇಳೋ ಪದಕ್ಕೆ ಹಣ್ಣಿನ ಬೀಜ, ತಿರುಳು ಅಂತಾನೂ ಅರ್ಥ. ತಿರುಳೇ ಮೊದಲು, ಸಿಪ್ಪೆ ಆಮೇಲೆ. ಯಾಕೆ ಅಂದ್ರೆ, ಪ್ರತಿ ಪ್ರೋಗ್ರಾಮೂ ಫೈಲ್ ತೆರೆ, ಓದು, ಬರಿ ಅಂತ ಕರ್ನೆಲ್ಲನ್ನ ಕೇಳಿಕೊಂಡೇ ಬದುಕೋದು. ಹೊಸ ಕರ್ನೆಲ್ಲು ಹಳೆ ಪ್ರೋಗ್ರಾಮುಗಳ ಮಾತನ್ನ ಮರೆತಿರಲ್ಲ, ಬೇಕಂತಲೇ ನೆನಪಿಟ್ಟುಕೊಂಡಿರುತ್ತೆ. ಆದ್ರೆ ಹಳೆ ಕರ್ನೆಲ್ಲಿಗೆ ಹೊಸ ಪ್ರೋಗ್ರಾಮಿನ ಮಾತು ಹೇಗೆ ಗೊತ್ತಾಗಬೇಕು? ಅಜ್ಜಿಗೆ ಮೊಮ್ಮಗಳ ಕಾಲದ ಮಾತು ಗೊತ್ತಿಲ್ಲ, ಆದ್ರೆ ಮೊಮ್ಮಗಳಿಗೆ ಅಜ್ಜಿ ಮಾತು ಅರ್ಥ ಆಗುತ್ತಲ್ಲ, ಹಾಗೆ.

ಇದಕ್ಕೆ ದೊಡ್ಡ ಉದಾಹರಣೆ 2017ರದ್ದು. ಪ್ರತಿ ಫೈಲಿಗೂ ಒಳಗೊಳಗೇ ಒಂದು ನಂಬರ್ ಇರುತ್ತೆ, ಐನೋಡ್ ಅಂತಾರೆ. ಅದು 32 ಬಿಟ್ ಇತ್ತು. ಡಿಸ್ಕುಗಳು ಬೆಳೆದು ಸಾಲದಾಯ್ತು, 2017ರ ಮೇ ತಿಂಗಳಲ್ಲಿ 64ಕ್ಕೆ ಹಿಗ್ಗಿಸಿದ್ರು. 2018ರ ಡಿಸೆಂಬರಿನ 12.0ರಲ್ಲಿ ಅದು ಎಲ್ಲರಿಗೂ ಬಂತು. ಫೈಲುಗಳ ಪಟ್ಟಿ ಕೇಳೋ ರೀತಿಯೇ ಬದಲಾದ್ದರಿಂದ, ಕರ್ನೆಲ್ ಬದಲಿಸದೆ ಜಗತ್ತನ್ನ ಮೊದಲು ಕೂರಿಸಿದ್ರೆ ಫೋಲ್ಡರಿನಲ್ಲಿ ಏನಿದೆ ಅಂತ ತೋರಿಸೋ ಸಣ್ಣ ಕಮಾಂಡೂ ಓಡಲ್ಲ. ಪಂಚಾಂಗದಲ್ಲಿ ಎಚ್ಚರಿಕೆ ಇತ್ತು: ಹೊಸ ಕರ್ನೆಲ್ ಹಾಕಿ, ರೀಬೂಟ್ ಮಾಡಿ, ಆಮೇಲೆ ಮಿಕ್ಕದ್ದು.

ನಾವೂ ಹಾಗೇ ಮಾಡಿದ್ವಿ. ಡಿಸ್ಕಿನಲ್ಲಿ ಜೆಡ್‌ಎಫ್‌ಎಸ್ ಇದ್ದದ್ದರಿಂದ ಮೊದಲೇ ಹಳೆ ಸಿಸ್ಟಮ್ಮಿನ ಒಂದು ಪ್ರತಿಯನ್ನ ಬೂಟ್ ಮೆನುವಿನಲ್ಲಿ ಸಿಗೋ ಹಾಗೆ ಎತ್ತಿಟ್ಟಿದ್ವಿ. 'ಇನ್‌ಸ್ಟಾಲ್‌ಕರ್ನೆಲ್' ಕೂಡ ಹಳೆ ಕರ್ನೆಲ್ಲನ್ನ ಎಸೆಯಲ್ಲ, 'ಕರ್ನೆಲ್ ಡಾಟ್ ಓಲ್ಡ್' ಅಂತ ಪಕ್ಕಕ್ಕಿಡುತ್ತೆ. ರೀಬೂಟ್ ಆಯ್ತು. ಹೊಸ ತಿರುಳು, ಹಳೆ ಸಿಪ್ಪೆ, ಎರಡೂ ಒಂದಕ್ಕೊಂದು ಹೊಂದಿಕೊಂಡು ಎದ್ದವು. ಮಳೆಮಾಪಕದ ಲೆಕ್ಕವೂ ಬಂತು.

ಮುಂದಿನದ್ದು 'ಇನ್‌ಸ್ಟಾಲ್‌ವರ್ಲ್ಡ್'. ಇದನ್ನ ಸಿಂಗಲ್ ಯೂಸರ್ ಮೋಡ್‌ನಲ್ಲಿ, ಅಂದ್ರೆ ನೆಟ್‌ವರ್ಕೂ ಇಲ್ಲದೆ ಬೇರೆ ಪ್ರೋಗ್ರಾಮೂ ಓಡದೆ ಇರುವಾಗ ಮಾಡೋದು ಕ್ಷೇಮ. ನೆಟ್‌ವರ್ಕ್ ಇಲ್ಲ ಅಂದ್ರೆ ಲಿಂಡ್‌ಹೋಲ್ಮೆನ್‌ನಿಂದ ನಾನು ಒಳಗೆ ಹೋಗೋ ಹಾಗಿಲ್ಲ. ಕೈ ಅಪ್ಪಂದೇ ಆಗಬೇಕು.

ಇಲ್ಲಿ ಕೆಲಸ ಮುಗಿದು ಸಂಜೆ ಆರು ಅಂದ್ರೆ ಬೇಸಿಗೇಲಿ ಅಲ್ಲಿ ರಾತ್ರಿ ಒಂಬತ್ತೂವರೆ. ಅಮ್ಮ ಮೊಬೈಲನ್ನ ಟಿವಿ ಪರದೆ ಎದುರು ಹಿಡಿದು ನಿಂತಿದ್ಲು, ಅಪ್ಪ ಕೀಬೋರ್ಡಿನ ಮುಂದೆ. ನಾನು ಅಕ್ಷರ ಅಕ್ಷರ ಹೇಳೋದು, ಅಪ್ಪ ತಿರುಗಿ ಓದಿ ಹೇಳೋದು, ಆಮೇಲೆ ಎಂಟರ್. ಮೊದಲು 'ಇಟಿಸಿಅಪ್‌ಡೇಟ್'ನ ಪೂರ್ವಭಾವಿ ಸುತ್ತು: ಹೊಸ ಜಗತ್ತಿಗೆ ಬೇಕಾದ ಬಳಕೆದಾರರು, ಗುಂಪುಗಳೆಲ್ಲ ಇದ್ದಾರಾ ಅಂತ ನೋಡಿ ಸೇರಿಸೋಕೆ. ಆಮೇಲೆ ಜಗತ್ತು.

"ಇದು ಕೂತಿರೋ ಕೊಂಬೇನೇ ಕಡಿದ ಹಾಗಲ್ವನಾ? ಕಾಪಿ ಮಾಡೋ ಪ್ರೋಗ್ರಾಮನ್ನೇ ಬದಲಿಸ್ತೀಯ, ಅದನ್ನ ಕಾಪಿ ಮಾಡೋದು ಯಾರು?" ಅಂದ್ರು ಅಪ್ಪ. ಎಂಥ ಪ್ರಶ್ನೆ! ಇನ್‌ಸ್ಟಾಲ್‌ವರ್ಲ್ಡ್ ಮೊದಲು ಮಾಡೋ ಕೆಲಸವೇ ತನಗೆ ಬೇಕಾದ ಹಳೆ ಸಲಕರಣೆಗಳನ್ನೂ ಅವುಗಳ ಲೈಬ್ರರಿಗಳನ್ನೂ ಒಂದು ತಾತ್ಕಾಲಿಕ ಫೋಲ್ಡರಿಗೆ ಎತ್ತಿಟ್ಟುಕೊಳ್ಳೋದು. ಮಾಡಿನ ಹೆಂಚು ತೆಗೆಯೋಕೆ ಮುಂಚೆ ಏಣಿಯನ್ನ ಬೇರೆ ಗೋಡೆಗೆ ಒರಗಿಸಿದ ಹಾಗೆ. ಅದೂ ಕೈಕೊಟ್ರೆ 'ರೆಸ್ಕ್ಯೂ' ಅಂತ ಇನ್ನೊಂದು ಫೋಲ್ಡರಿದೆ, ಅಲ್ಲಿರೋ ಕಮಾಂಡುಗಳು ಯಾವ ಲೈಬ್ರರಿಯ ಹಂಗೂ ಇಲ್ಲದೆ ಓಡ್ತವೆ.

ನನ್ನ ಕಿಟಕಿಯಿಂದ ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ ಎರಿಕ್ಸ್‌ಬರ್ಗ್. ಲಿಂಡ್‌ಹೋಲ್ಮೆನ್ ಆಗಲಿ ಎರಿಕ್ಸ್‌ಬರ್ಗ್ ಆಗಲಿ, ಸಾಫ್ಟ್‌ವೇರಿನವರು ಬರೋ ಮೊದಲು ಹಡಗು ಕಟ್ಟೋ ಜಾಗಗಳು. ಲಿಂಡ್‌ಹೋಲ್ಮೆನ್‌ನ ಹಡಗುಕಟ್ಟೆ 1976ರಲ್ಲಿ ಮುಚ್ಚಿತು, ಎರಿಕ್ಸ್‌ಬರ್ಗಿನದು 1979ರಲ್ಲಿ. ಗೋಥೆನ್‌ಬರ್ಗ್ ಹೆಸರಿನದೇ ಒಂದು ಈಸ್ಟ್ ಇಂಡಿಯಾ ಹಡಗು ಚೀನಾದವರೆಗೂ ಹೋಗಿ, ಸರಕು ತುಂಬಿಕೊಂಡು ವಾಪಸ್ ಬರ್ತಾ, 1745ರ ಸೆಪ್ಟೆಂಬರ್ 12ರಂದು ಇದೇ ಬಂದರಿನ ಬಾಯಲ್ಲಿ, ಊರು ಕಣ್ಣಿಗೆ ಕಾಣೋ ಹೊತ್ತಲ್ಲಿ, ಬಂಡೆಗೆ ಬಡಿದು ಮುಳುಗಿತು. ಎರಿಕ್ಸ್‌ಬರ್ಗಿನಲ್ಲಿ ಅದರದ್ದೇ ಪ್ರತಿರೂಪ ಕಟ್ಟಿ 2003ರಲ್ಲಿ ನೀರಿಗಿಳಿಸಿದ್ರು. 2005ರಲ್ಲಿ ಚೀನಾಕ್ಕೆ ಹೊರಟು 2007ರಲ್ಲಿ ಸುರಕ್ಷಿತವಾಗಿ ಮನೆಗೆ ಬಂತು. ಹಡಗಿನವರು ಸಮುದ್ರಕ್ಕಿಂತ ದಡಕ್ಕೆ ಹೆಚ್ಚು ಹೆದರ್ತಾರಂತೆ. ಅಪ್‌ಗ್ರೇಡೂ ಹಾಗೇ. ಇನ್‌ಸ್ಟಾಲ್‌ವರ್ಲ್ಡ್ ಆದಮೇಲೆ "ಆಯ್ತಲ್ಲ" ಅಂತ ಜನ ಅವಸರ ಮಾಡೋದು ಕೊನೇ ಮೆಟ್ಟಿಲಲ್ಲಿ.

ಆ ಕೊನೇ ಮೆಟ್ಟಿಲೇ ಹಳತನ್ನ ಎಸೆಯೋದು. ಇಟಿಸಿಅಪ್‌ಡೇಟಿನ ಎರಡನೇ ಸುತ್ತಿನಲ್ಲಿ ನಮ್ಮ ಸೆಟ್ಟಿಂಗುಗಳನ್ನೂ ಹೊಸ ಆವೃತ್ತಿಯ ಬದಲಾವಣೆಗಳನ್ನೂ ಕೂಡಿಸಿ, 'ಡಿಲೀಟ್-ಓಲ್ಡ್' ಅಂತ ಹಳೆ ಫೈಲುಗಳನ್ನ ತೆಗೆದು, ರೀಬೂಟ್ ಮಾಡಿದ್ವಿ. ಹಳೆ ಲೈಬ್ರರಿಗಳಿಗೆ ಮಾತ್ರ ಬೇರೆಯದೇ ಕಮಾಂಡು: 'ಡಿಲೀಟ್-ಓಲ್ಡ್-ಲಿಬ್ಸ್'. ಬೇರೆ ಇಟ್ಟಿರೋದಕ್ಕೆ ಕಾರಣ ಇದೆ. 13ರಲ್ಲಿ ಓಪನ್‌ಎಸ್‌ಎಸ್‌ಎಲ್ 1.1.1 ಇತ್ತು, 14ರಲ್ಲಿ 3.0. ಅಮ್ಮನ ಹಾಡು ಹಾಕೋ ಪ್ರೋಗ್ರಾಮು ಹಳೆಯದನ್ನೇ ನಂಬಿಕೊಂಡಿತ್ತು. ಹೊರಗಿಂದ ಹಾಕಿದ ಪ್ಯಾಕೇಜುಗಳೆಲ್ಲ ಹೊಸದಕ್ಕೆ ಬದಲಾಗೋ ತನಕ ಹಳೆ ಲೈಬ್ರರಿ ಮುಟ್ಟೋ ಹಾಗಿಲ್ಲ. ಮುಟ್ಟಿದ್ರೆ ಸಿಸ್ಟಮ್ ಏನೋ ಏಳುತ್ತೆ, ಅಜ್ಜಿ ಏಳಲ್ಲ.

ಈ ಮೆಟ್ಟಿಲಲ್ಲೇ ಅಪ್ಪನ ನುಡಿ ಫೈಲುಗಳ ವಿಚಾರವೂ ಬಂತು. ಆ ಕಾಲದ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನ ಕೂರಿಸಿದ್ದವು. ಫಾಂಟ್ ಇದ್ರೆ ಕನ್ನಡ, ಇಲ್ಲದಿದ್ರೆ ಅರ್ಥವಿಲ್ಲದ ಇಂಗ್ಲಿಷ್ ಗೀಚು. ಅಂದ್ರೆ ಫೈಲು ಇದೆ, ಅದು ನಂಬಿದ್ದ ಲೈಬ್ರರಿ ಹೋಗಿದೆ! ಎಷ್ಟು ಮನೆಗಳ ಎಷ್ಟು ಸಿಡಿಗಳಲ್ಲಿ ಹೀಗೆ ಕನ್ನಡ ಉಸಿರು ಕಟ್ಟಿಕೊಂಡು ಕೂತಿದೆಯೋ. ಯುನಿಕೋಡಿಗೆ ಪರಿವರ್ತಿಸೋ ಸಲಕರಣೆಗಳಿವೆ, ಆದ್ರೆ ಒತ್ತಕ್ಷರ, ಅರ್ಕಾವೊತ್ತುಗಳಲ್ಲಿ ಎಡವುತ್ತವೆ, ಬರೆದವರೇ ಕೂತು ಓದಿ ತಿದ್ದಬೇಕು. ಅಪ್ಪ ಈಗ ದಿನಕ್ಕೆರಡು ಪುಟ ತಿದ್ದುತ್ತಾರೆ. ಪೂರ್ತಿ ಮುಗಿಯೋ ತನಕ ಹಳೆ ಫಾಂಟು ಅಳಿಸೋದಿಲ್ಲ ಅಂತ ನಮ್ಮಿಬ್ಬರ ಒಪ್ಪಂದ.

ನಿಮ್ಮನೇಲೂ ಅಂಥ ಫೈಲುಗಳಿದ್ರೆ ಈ ವಾರ ಒಂದನ್ನ ತೆರೆದು ನೋಡಿ. ಅದನ್ನ ಬರೆದವರು ಓದಿ ಹೇಳೋಕೆ ಇರುವಾಗಲೇ ಮಾಡೋ ಕೆಲಸ ಇದು. ಪಂಚಾಂಗದಲ್ಲಿ ಇದಕ್ಕೆ ಎಚ್ಚರಿಕೆ ಬರೆದಿರಲ್ಲ.

ಪ್ಯಾಕೇಜುಗಳು ಬದಲಾದ ಮೇಲೆ, ಹದಿನೈದು ದಿನ ಬಿಟ್ಟು, ಹಳೆ ಲೈಬ್ರರಿಗಳನ್ನ ಅಳಿಸಿದ್ವಿ. ಜೂನಿನಲ್ಲಿ ಮಳೆ ಹಿಡೀತು. ಡಬ್ಬ ಲೆಕ್ಕ ಬರೀತಾ ಇದೆ, ಮಾಡು ಸೋರ್ತಾ ಇಲ್ಲ. ಅಮ್ಮನ ಫೋನೂ ಕಮ್ಮಿಯಾಗಿದೆ, ಅದೊಂದೇ ಬೇಜಾರು :-)