ಜಲಜನಕದ ವ್ಯಾಪಾರದಲ್ಲಿ ಜಿಲ್ಲೆಗಳ ಪಾಲು

ಹೊಸ ಇಂಧನವೊಂದರ ಹೆಸರು ಕೇಳಿಬಂದೊಡನೆ ಕೋಟಿಗಳ ಲೆಕ್ಕವನ್ನು ಮುಂದಿಟ್ಟು, ಆ ಕೋಟಿಗಳು ಯಾವ ಊರಿನ ಯಾರ ಕೈಯನ್ನು ಸೇರುವುವೆಂಬ ಪ್ರಶ್ನೆಯನ್ನು ಹಿಂದಕ್ಕೆ ಸರಿಸುವುದು ನಮ್ಮ ಕಾಲದ ರೂಢಿಯಾಗಿದೆ. 2023ರ ಜನವರಿ 4ರಂದು ಕೇಂದ್ರ ಸಚಿವ ಸಂಪುಟವು 19,744 ಕೋಟಿ ರೂಪಾಯಿಗಳ ರಾಷ್ಟ್ರೀಯ ಹಸಿರು ಜಲಜನಕ ಅಭಿಯಾನಕ್ಕೆ ಒಪ್ಪಿಗೆಯಿತ್ತು, ಮುಖ್ಯವಾಗಿ ಬಿಸಿಲು, ಗಾಳಿಗಳ ವಿದ್ಯುತ್ತಿನಿಂದ ನೀರನ್ನು ಒಡೆದು ಪಡೆಯುವ ಈ ಜಲಜನಕದ 50 ಲಕ್ಷ ಟನ್ ಉತ್ಪಾದನೆಯನ್ನು 2030ರ ವೇಳೆಗೆ ದೇಶದಲ್ಲಿ ವರ್ಷವೊಂದಕ್ಕೆ ಸಾಧಿಸುವ ಗುರಿಯನ್ನು ಗೊತ್ತುಮಾಡಿತು. ಅದಕ್ಕೆ ಹಿಂದಿನ ವರ್ಷವೇ ಕರ್ನಾಟಕ ಸರಕಾರವು ಹಲವು ದೊಡ್ಡ ಕಂಪನಿಗಳೊಡನೆ ಇದೇ ವಸ್ತುವಿನ ಬಗ್ಗೆ ಒಡಂಬಡಿಕೆಗಳನ್ನು ಮಾಡಿಕೊಂಡಿತ್ತು. ಅವುಗಳಲ್ಲಿ ಕೆಲವು ದೊಡ್ಡವು ಮಂಗಳೂರಿನ ಕರಾವಳಿಯನ್ನೇ ಉದ್ದೇಶಿಸಿದ್ದುವು. ಒಡಂಬಡಿಕೆಯ ಕಾಗದಕ್ಕೂ ಕಾರ್ಖಾನೆಯ ಅಡಿಗಲ್ಲಿಗೂ ನಡುವೆ ಎಷ್ಟು ದೂರವುಂಟೆಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಈ ನಡುಗಾಲದಲ್ಲಿ, ಕಾರ್ಖಾನೆಗಳು ಮೇಲೇಳುವುದಕ್ಕೆ ಮೊದಲು, ನಮಗೆ ಬೇಕಾದುದೇನೆಂಬುದನ್ನು ನಿಶ್ಚಯಿಸಿಕೊಳ್ಳಲು ಇನ್ನೂ ಅವಕಾಶವಿದೆ.

ನಿಶ್ಚಯಕ್ಕೆ ಆಧಾರವಾಗಬೇಕಾದುದು ಆ ಅನಿಲದ ಸ್ವಭಾವ. ಜಲಜನಕವು ಸಕಲ ವಸ್ತುಗಳಲ್ಲಿಯೂ ಹಗುರವಾದುದು. ತೂಕದ ಲೆಕ್ಕದಲ್ಲಿ ಅದರ ಶಕ್ತಿ ಅದ್ಭುತವಾಗಿದ್ದರೂ, ಗಾತ್ರದ ಲೆಕ್ಕದಲ್ಲಿ ಅತ್ಯಲ್ಪ. ಅದನ್ನು ದ್ರವವಾಗಿಸಬೇಕಾದರೆ ಸೊನ್ನೆಗಿಂತ 253 ಡಿಗ್ರಿ ಸೆಲ್ಷಿಯಸ್ ಕೆಳಕ್ಕೆ ತಣಿಸಬೇಕು; ಹಾಗೆ ಮಾಡಲಾರದವರು ವಾಯುಮಂಡಲದ ನೂರಾರು ಪಟ್ಟು ಒತ್ತಡದಲ್ಲಿ ಸಿಲಿಂಡರಿಗೆ ತುಂಬಬೇಕು; ಅದೂ ಬೇಡವೆನ್ನುವವರು ಸಾರಜನಕದೊಡನೆ ಕೂಡಿಸಿ ಅಮೋನಿಯವಾಗಿ ಮಾರ್ಪಡಿಸಿ, ಸೊನ್ನೆಗಿಂತ 33 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಹಡಗಿಗೆ ಏರಿಸಿ, ಪರದೇಶದ ಬಂದರಿನಲ್ಲಿ ಬೇಕಿದ್ದರೆ ಮರಳಿ ಒಡೆಯಬೇಕು. ಈ ಒಂದೊಂದು ಮೆಟ್ಟಿಲಿನಲ್ಲಿಯೂ ನಾವು ಕಷ್ಟಪಟ್ಟು ಸಂಪಾದಿಸಿದ ವಿದ್ಯುತ್ತಿನ ಒಂದೊಂದು ಪಾಲು ಸೋರಿಹೋಗುವುದು. ಹಸಿ ಹಾಲಿನಂತೆ ಇದು ಕರೆದಲ್ಲಿಗೆ ಹತ್ತಿರದಲ್ಲಿಯೇ ವಿಕ್ರಯವಾಗಬೇಕಾದ ಸರಕು. ಕಾರ್ಖಾನೆಯ ಗೋಡೆಯ ಈಚೆ ತಯಾರಾಗಿ ಆಚೆ ಉಪಯೋಗವಾಗುವ ಜಲಜನಕವೇ ಎಲ್ಲಕ್ಕಿಂತಲೂ ಅಗ್ಗವಾದುದು. ಆದ್ದರಿಂದ ಇದರ ವಾಣಿಜ್ಯವನ್ನು ರಫ್ತಿನ ಕನಸಿನಿಂದ ಆರಂಭಿಸದೆ, ಕೊಳ್ಳುವವನು ಈಗಾಗಲೇ ಎಲ್ಲಿ ನಿಂತಿದ್ದಾನೆಂಬುದನ್ನು ನೋಡಿಕೊಂಡು ಆರಂಭಿಸುವುದೇ ವಿವೇಕವೆಂದು ನನ್ನ ಅಭಿಪ್ರಾಯ.

ಕೊಳ್ಳುವವರು ನಮ್ಮಲ್ಲಿ ಇದ್ದಾರೆ. ಪಣಂಬೂರಿನ ಗೊಬ್ಬರದ ಕಾರ್ಖಾನೆಯೂ ಕುತ್ತೆತ್ತೂರಿನ ತೈಲ ಶುದ್ಧೀಕರಣಾಗಾರವೂ ಒಂದೇ ಬಂದರಿನ ಆಶ್ರಯದಲ್ಲಿ, ಪರಸ್ಪರ ಕೆಲವೇ ಮೈಲಿಗಳ ಅಂತರದಲ್ಲಿವೆ. ವರ್ಷಕ್ಕೆ ಒಂದೂವರೆ ಕೋಟಿ ಟನ್ ಕಚ್ಚಾತೈಲವನ್ನು ಶುದ್ಧೀಕರಿಸಬಲ್ಲ ಆ ಶುದ್ಧೀಕರಣಾಗಾರಕ್ಕೆ, ಎಂದರೆ ಎಂ.ಆರ್.ಪಿ.ಎಲ್.ಗೆ, ಇಂಧನದೊಳಗಿನ ಗಂಧಕವನ್ನು ತೆಗೆಯಲು ಜಲಜನಕ ನಿತ್ಯವೂ ಬೇಕು. ಗೊಬ್ಬರದವರಿಗೆ ಅಮೋನಿಯಕ್ಕಾಗಿ ಬೇಕು. 2021ರ ಜನವರಿ 5ರಂದು ಉದ್ಘಾಟನೆಯಾದ 450 ಕಿಲೋಮೀಟರ್ ಉದ್ದದ ಕೊಚ್ಚಿ–ಮಂಗಳೂರು ಕೊಳವೆ ಮಾರ್ಗದಿಂದ ಬರುವ ನೈಸರ್ಗಿಕ ಅನಿಲವನ್ನು ಸೀಳಿ ಅವರು ಅದನ್ನು ಪಡೆಯುತ್ತಾರೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಕಬ್ಬಿಣದ ಅದಿರಿನಿಂದ ಆಮ್ಲಜನಕವನ್ನು ಕಳೆಯಲು ಕಲ್ಲಿದ್ದಲಿನ ಬದಲು ಜಲಜನಕವನ್ನು ಬಳಸುವ ಪ್ರಯತ್ನ ಆಗಲೇ ಮೊದಲಾಗಿದೆ: ಜೆ.ಎಸ್.ಡಬ್ಲ್ಯು. ಸಂಸ್ಥೆಯವರ ಅಲ್ಲಿನ 25 ಮೆಗಾವ್ಯಾಟ್ ಘಟಕದಿಂದ ವರ್ಷಕ್ಕೆ 3,800 ಟನ್ ಜಲಜನಕ ಉಕ್ಕಿನ ಕಾರ್ಖಾನೆಗೆ ಸಲ್ಲಬೇಕೆಂದು ಕರಾರು. ಒಂದು ಟನ್ ಕಬ್ಬಿಣಕ್ಕೆ ಸುಮಾರು 55 ಕಿಲೋ ಜಲಜನಕ ಬೇಕೆಂದು ಲೆಕ್ಕವಿಟ್ಟರೆ, ಇದರಿಂದ ಸುಮಾರು 70,000 ಟನ್ನಿಗೆ ಸಾಕಾದೀತು. ವರ್ಷಕ್ಕೆ ಒಂದು ಕೋಟಿ ಟನ್ನಿಗೂ ಮೀರಿ ಉಕ್ಕನ್ನು ಎರೆಯುವ ಸ್ಥಾವರದಲ್ಲಿ ಇದು ಒಂದು ಬಿಂದು. ಆದರೆ ಕೊಳ್ಳುವವನ ಮನೆಯ ಹಿತ್ತಿಲಿನಲ್ಲಿಯೇ ಬಿದ್ದ ಬಿಂದು.

ಇಲ್ಲಿ ಒಂದು ಸೂಕ್ಷ್ಮವನ್ನು ಕೃಷಿಕರ ಹೆಸರಿನಲ್ಲಿ ಮಾತನಾಡುವವರೂ ಮರೆಯುತ್ತಾರೆ. ಹಸಿರು ಜಲಜನಕ ಬಂದೊಡನೆ ಹಸಿರು ಯೂರಿಯಾ ಬಂದೇಬಿಡುವುದೆಂದು ಭಾಷಣಗಳಲ್ಲಿ ಕೇಳುತ್ತೇವೆ. ಯೂರಿಯಾಕ್ಕೆ ಅಮೋನಿಯದಷ್ಟೇ ಅವಶ್ಯವಾದುದು ಇಂಗಾಲದ ಡೈಆಕ್ಸೈಡು. ಅದು ಇಂದು ನೈಸರ್ಗಿಕ ಅನಿಲವನ್ನು ಸೀಳುವಾಗಲೇ ಉಪೋತ್ಪನ್ನವಾಗಿ ದೊರೆಯುತ್ತದೆ. ನೀರನ್ನು ಒಡೆದು ಪಡೆದ ಜಲಜನಕದ ಜೊತೆಗೆ ಇಂಗಾಲ ಬರುವುದಿಲ್ಲವಾದ್ದರಿಂದ, ಅದನ್ನು ಬೇರೆಡೆಯಿಂದ ತಂದುಕೊಳ್ಳಬೇಕು. ಡಿ.ಎ.ಪಿ. ಮೊದಲಾದ ರಂಜಕದ ಗೊಬ್ಬರಗಳಿಗೆ ಈ ತೊಡಕಿಲ್ಲ. ಅವುಗಳ ಸಾರಜನಕದ ಭಾಗಕ್ಕೆ ಅಮೋನಿಯವಿದ್ದರಾಯಿತು, ಮತ್ತು ಆ ಅಮೋನಿಯವನ್ನು ನಾವು ಬಹುವಾಗಿ ಹೊರದೇಶಗಳಿಂದ ತರಿಸುತ್ತೇವೆ. ಕೇಂದ್ರ ಸರಕಾರವು ಗೊಬ್ಬರದ ಕಾರ್ಖಾನೆಗಳಿಗಾಗಿ ವರ್ಷಕ್ಕೆ 7.24 ಲಕ್ಷ ಟನ್ ಹಸಿರು ಅಮೋನಿಯವನ್ನು ಕೊಳ್ಳಲು 2025ರಲ್ಲಿ ಹರಾಜು ನಡೆಸಿದಾಗ, ಒಡಿಶಾದ ಪಾರಾದೀಪದ ಕಾರ್ಖಾನೆಗೆ ಮೊದಲು ಬಂದ ದರ ಕಿಲೋ ಒಂದಕ್ಕೆ 55 ರೂಪಾಯಿ 75 ಪೈಸೆ. ಮುಂದಿನ ಕೆಲವು ಸುತ್ತುಗಳಲ್ಲಿ ದರ ಇನ್ನಷ್ಟು ಇಳಿಯಿತು. ಕೊಳ್ಳುವವನು ದೀರ್ಘಕಾಲದ ಮಾತು ಕೊಟ್ಟರೆ ಮಾರುವವನು ದರ ಇಳಿಸುತ್ತಾನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇನ್ನು ವಿದ್ಯುತ್ತಿನ ಮಾತು. ಒಂದು ಕಿಲೋ ಜಲಜನಕಕ್ಕೆ ಯಂತ್ರದಲ್ಲಾಗುವ ನಷ್ಟವೆಲ್ಲ ಸೇರಿ ಸುಮಾರು 55 ಯೂನಿಟ್ ವಿದ್ಯುತ್ತು ಖರ್ಚಾಗುತ್ತದೆ; ಯೂನಿಟ್ಟಿಗೆ ನಾಲ್ಕು ರೂಪಾಯಿಯೆಂದರೂ ವಿದ್ಯುತ್ತಿನ ವೆಚ್ಚವೊಂದೇ 220 ರೂಪಾಯಿ. ಮಂಗಳೂರಿನಲ್ಲಿ ವರ್ಷಕ್ಕೆ ಒಂದು ಲಕ್ಷ ಟನ್ ಜಲಜನಕವನ್ನು ಉತ್ಪಾದಿಸಲು ಹೊರಟರೆ 550 ಕೋಟಿ ಯೂನಿಟ್ ಬೇಕಾಗುವುದು; ಪಾವಗಡದ 2,050 ಮೆಗಾವ್ಯಾಟ್ ಸೌರ ಉದ್ಯಾನದ ಸರ್ವಸ್ವವನ್ನೂ ಧಾರೆಯೆರೆದರೂ ಅದು ಪೂರೈಸದು. ಸೂರ್ಯನು ಸಂಜೆ ಮುಳುಗುವನಾದ್ದರಿಂದ, ಬಿಸಿಲೊಂದನ್ನೇ ನಂಬಿದ, ನೀರನ್ನು ಒಡೆಯುವ ಎಲೆಕ್ಟ್ರೊಲೈಜರು ಯಂತ್ರವು ದಿನದ ಬಹುಭಾಗ ಸುಮ್ಮನೆ ನಿಂತು, ಬಡ್ಡಿಯನ್ನು ಮಾತ್ರ ಬೆಳೆಸುತ್ತದೆ. ಚಿತ್ರದುರ್ಗ, ಗದಗಗಳ ಗಾಳಿಯ ವಿದ್ಯುತ್ತನ್ನೂ ಅದಕ್ಕೆ ಜೋಡಿಸಲೇಬೇಕು. ಹೀಗೆ ಕಡಲಂಚಿನ ಕಾರ್ಖಾನೆಯ ಬೇರುಗಳು ಬಯಲುಸೀಮೆಯ ಹೊಲಗಳಲ್ಲಿ ಇಳಿಯುತ್ತವೆ. ಲಾಭದಲ್ಲಿ ಪಾಲನ್ನು ಲೆಕ್ಕಹಾಕುವಾಗ ಆ ಹೊಲಗಳನ್ನು ಬಿಡುವಂತಿಲ್ಲ.

ಪಾವಗಡದಲ್ಲಿ ಅನುಸರಿಸಿದ ಮಾರ್ಗ ಈ ದೃಷ್ಟಿಯಿಂದ ವಿಚಾರಾರ್ಹವಾದುದು. ತಿರುಮಣಿ, ವಳ್ಳೂರು ಮುಂತಾದ ಐದು ಗ್ರಾಮಗಳ ಸುಮಾರು 13,000 ಎಕರೆ ನೆಲವನ್ನು ರೈತರಿಂದ ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಸುವ ಕರಾರಿನಿಂದ ಗುತ್ತಿಗೆಗೆ ಪಡೆದರು. ಮಳೆಯನ್ನು ನಂಬಿ ಸೋತ ಒಕ್ಕಲಿಗೆ ಇದು ಒಂದು ನೆಮ್ಮದಿಯೇ ಸರಿ. ಆದರೆ ನೆಲವಿಲ್ಲದೆ, ಆ ನೆಲದಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಜೀವಿಸುತ್ತಿದ್ದ ಕೂಲಿಯವರಿಗೆ ಗುತ್ತಿಗೆಯ ಹಣ ಬರಲಿಲ್ಲ, ಕೂಲಿಯೂ ಉಳಿಯಲಿಲ್ಲ. ಜಲಜನಕಕ್ಕಾಗಿ ಮತ್ತೊಂದು ಪಾವಗಡವನ್ನು ಕಟ್ಟುವವರು, ಪ್ರತಿ ಕಿಲೋ ಜಲಜನಕದ ಮೇಲೆ ಕೆಲವು ಪೈಸೆಗಳನ್ನಾದರೂ ಆ ಗ್ರಾಮ ಪಂಚಾಯಿತಿಗೆ, ನೆಲವಿಲ್ಲದವರ ಹೆಸರಿನಲ್ಲಿ, ಮೀಸಲಿಡತಕ್ಕದ್ದು.

ನೀರಿನ ವಿಷಯದಲ್ಲಿ ಜನರ ಭಯ ಹೆಚ್ಚು. ಲೆಕ್ಕ ಅಷ್ಟು ಭಯಂಕರವಲ್ಲ. ಶುದ್ಧೀಕರಣ, ತಣಿಸುವಿಕೆಗಳೆಲ್ಲ ಕೂಡಿ ಕಿಲೋಗೆ 20 ಲೀಟರೆಂದು ಹಿಡಿದರೆ, ಮೇಲೆ ಹೇಳಿದ ಲಕ್ಷ ಟನ್ನಿಗೆ ದಿನವೊಂದಕ್ಕೆ 55 ಲಕ್ಷ ಲೀಟರ್. ಬೇಸಿಗೆಯಲ್ಲಿ ತುಂಬೆಯ ಅಣೆಕಟ್ಟಿನ ನೀರಿಗಾಗಿ ನಗರವೇ ಕಾಯಬೇಕಾಗುವ ಊರಿನಲ್ಲಿ ನೇತ್ರಾವತಿಯಿಂದ ಇದನ್ನು ಕೇಳುವುದು ಅನ್ಯಾಯ. ಆದರೆ ತಣ್ಣೀರುಬಾವಿಯಲ್ಲಿ ಎಂ.ಆರ್.ಪಿ.ಎಲ್. ಕಟ್ಟಿರುವ ಸಮುದ್ರದ ನೀರನ್ನು ಸಿಹಿಗೊಳಿಸುವ ಸ್ಥಾವರದ ಸಾಮರ್ಥ್ಯವೇ ದಿನಕ್ಕೆ ಮೂರು ಕೋಟಿ ಲೀಟರ್. ಕಡಲ ನೀರನ್ನೇ ಬಳಸತಕ್ಕದ್ದೆಂಬ ಒಂದು ನಿಬಂಧನೆಯಿಂದ ಈ ವ್ಯಾಜ್ಯ ತೀರುತ್ತದೆ. ಅದರಿಂದ ಏರುವ ಬೆಲೆ ವಿದ್ಯುತ್ತಿನ ಬೆಲೆಯ ಮುಂದೆ ಗಣನೆಗೆ ಬಾರದು.

ನನ್ನ ಆಸಕ್ತಿ ಹೆಚ್ಚಾಗಿ ಇರುವುದು ಅನಿಲದಲ್ಲಲ್ಲ, ಅನಿಲವನ್ನು ಹಿಡಿದಿಡುವ ಸಾಮಾನಿನಲ್ಲಿ. ಹುಬ್ಬಳ್ಳಿಯಲ್ಲಿ ಎಣ್ಣೆ, ಹಬೆ, ರಾಸಾಯನಿಕಗಳ ಕೊಳವೆಗಳಿಗೆ ವಾಲ್ವ್ ತಯಾರಿಸುವ ಕಾರ್ಖಾನೆಗಳಿವೆ. ಬೆಳಗಾವಿ, ಶಿವಮೊಗ್ಗಗಳಲ್ಲಿ ಫೌಂಡ್ರಿಗಳಿವೆ. ಪೀಣ್ಯದ ಸಣ್ಣ ಶೆಡ್ಡುಗಳಲ್ಲಿ ಕೂದಲೆಳೆಯ ಅಳತೆಗೆ ಲೋಹವನ್ನು ಕಡೆಯಬಲ್ಲ ಕುಶಲರಿದ್ದಾರೆ. ಇವರೆಲ್ಲರ ಮುಂದೆ ಜಲಜನಕವು ಇಡುವ ಪರೀಕ್ಷೆ ವಿಲಕ್ಷಣವಾದುದು. ಹಬೆಯನ್ನು ವರ್ಷಗಟ್ಟಲೆ ತಡೆದ ವಾಲ್ವೊಂದರ ಗ್ಲ್ಯಾಂಡಿನ ಸಂದಿನಿಂದ ಈ ಅನಿಲ ನುಸುಳಿಬಿಡುತ್ತದೆ, ಏಕೆಂದರೆ ಇದರ ಅಣು ಅಷ್ಟು ಚಿಕ್ಕದು. ಎರಕದಲ್ಲಿ ಕಣ್ಣಿಗೆ ಬೀಳದ ರಂಧ್ರವೂ ಇದಕ್ಕೆ ಹೆಬ್ಬಾಗಿಲು. ಕೆಲವು ಜಾತಿಯ ಗಟ್ಟಿ ಉಕ್ಕಿನೊಳಕ್ಕೆ ಇದು ತಾನೇ ಇಳಿದು, ಕಾಲಕ್ರಮದಲ್ಲಿ ಲೋಹವನ್ನು ಪೆಡಸಾಗಿಸಿ ಬಿರುಕು ಹುಟ್ಟಿಸುತ್ತದೆ. ಹೊತ್ತಿಕೊಂಡರೆ ಹಗಲಿನ ಬೆಳಕಿನಲ್ಲಿ ಅದರ ಜ್ವಾಲೆ ಕಾಣುವುದೇ ಇಲ್ಲ. ಹಿಂದಿನ ಕಾಲದ ಕೆಲಸಗಾರರು ಸೋರಿಕೆಯ ಸಂಶಯವಿದ್ದೆಡೆ ಕಸಪೊರಕೆಯನ್ನು ಮುಂದೆ ಚಾಚಿಕೊಂಡು ನಡೆಯುತ್ತಿದ್ದರಂತೆ. ಆದ್ದರಿಂದ ವಾಲ್ವನ್ನು ಹೀಲಿಯಂ ಅನಿಲದಿಂದ ಪರೀಕ್ಷಿಸಬೇಕು, ಉಕ್ಕಿನ ಜಾತಿಯನ್ನು ದೃಢೀಕರಿಸಬೇಕು, ಬೆಸುಗೆಯ ಪ್ರತಿಯೊಂದು ಹೊಲಿಗೆಗೂ ಪ್ರಮಾಣಪತ್ರ ಇರಬೇಕು. ಕುಶಲತೆ ನಮ್ಮವರಲ್ಲಿದೆ, ಇಲ್ಲದಿರುವುದು ಪರೀಕ್ಷಾಲಯ. ಇಪ್ಪತ್ತು ಜನರನ್ನಿಟ್ಟುಕೊಂಡು ದುಡಿಯುವ ಮಾಲೀಕನು ಒಂದು ವಾಲ್ವಿನ ಪರೀಕ್ಷೆಗಾಗಿ ಪರರಾಜ್ಯಕ್ಕೆ ಅಲೆದು, ಮಾರಾಟದ ಲಾಭವನ್ನೆಲ್ಲ ಶುಲ್ಕವಾಗಿ ತೆತ್ತು ಬರಲಾರ. ಪರೀಕ್ಷಾ ಸೌಕರ್ಯಗಳಿಗಾಗಿ ಕೇಂದ್ರವು 2024ರಲ್ಲಿ 200 ಕೋಟಿ ರೂಪಾಯಿಗಳ ಯೋಜನೆಯನ್ನು ಪ್ರಕಟಿಸಿತು. ಅಂಥದೊಂದು ಪರೀಕ್ಷಾಲಯವನ್ನು ಧಾರವಾಡದ ಐ.ಐ.ಟಿ.ಯಲ್ಲಿಯೋ ಸುರತ್ಕಲ್ಲಿನ ಎನ್.ಐ.ಟಿ.ಯಲ್ಲಿಯೋ ಸ್ಥಾಪಿಸುವಂತೆ ಒತ್ತಾಯಿಸುವುದರಲ್ಲಿ ನಮ್ಮ ಪ್ರತಿನಿಧಿಗಳು ತೋರಿದ ಉತ್ಸಾಹ, ಒಡಂಬಡಿಕೆಗಳ ಸಮಾರಂಭದಲ್ಲಿ ಭಾವಚಿತ್ರಕ್ಕೆ ನಿಂತ ಉತ್ಸಾಹದ ಕಾಲು ಭಾಗವೂ ಇಲ್ಲ.

ಎಲೆಕ್ಟ್ರೊಲೈಜರುಗಳ ತಯಾರಿಕೆಯೂ ನಮಗೆ ಹೊಸತಲ್ಲ. ಓಮಿಯಂ ಎಂಬ ಕಂಪನಿಯು 2021ರಲ್ಲಿಯೇ ಬೆಂಗಳೂರಿನಲ್ಲಿ ಅವನ್ನು ಜೋಡಿಸುವ ಕಾರ್ಖಾನೆ ತೆರೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಎಸ್. ದಾಸಪ್ಪನವರ ತಂಡವು ಸೌದೆ ಸಿಪ್ಪೆಗಳಂಥ ಜೀವರಾಶಿಯನ್ನು ಆಮ್ಲಜನಕ ಮತ್ತು ಹಬೆಯೊಡನೆ ಅನಿಲವಾಗಿಸಿ, ಕಿಲೋ ಒಂದರಿಂದ 100 ಗ್ರಾಂ ಜಲಜನಕವನ್ನು ಪಡೆಯುವ ವಿಧಾನವನ್ನು ಸಿದ್ಧಪಡಿಸಿದೆ. ತೆಂಗಿನ ಮಟ್ಟೆ, ಕಬ್ಬಿನ ರವದಿಗಳು ಧಾರಾಳವಾಗಿರುವ ತುಮಕೂರು, ಮಂಡ್ಯ ಜಿಲ್ಲೆಗಳಿಗೆ ಇದು ಒಪ್ಪುವ ಮಾರ್ಗ.

ಆಮ್ಲಜನಕವನ್ನೂ ಮರೆಯಬಾರದು. ನೀರನ್ನು ಒಡೆದಾಗ ಒಂದು ಕಿಲೋ ಜಲಜನಕದ ಜೊತೆಗೆ ಎಂಟು ಕಿಲೋ ಆಮ್ಲಜನಕ ಹೊರಬರುತ್ತದೆ. ತೋರಣಗಲ್ಲಿನ ಕರಾರಿನಲ್ಲಿ ವರ್ಷಕ್ಕೆ 30,000 ಟನ್ ಆಮ್ಲಜನಕದ ಮಾತು ಸೇರಿರುವುದು ಈ ಕಾರಣದಿಂದಲೇ. ಗಾಳಿಗೆ ಬಿಟ್ಟರೆ ಅದಕ್ಕೆ ಬೆಲೆಯಿಲ್ಲ. ಆಸ್ಪತ್ರೆಗೋ ಫೌಂಡ್ರಿಗೋ ಮಾರಿದರೆ ಅದೂ ಒಂದು ಕಸುಬು.

ರಫ್ತಿನಿಂದ ವಿದೇಶಿ ವಿನಿಮಯ ಬರುವುದು, ಉತ್ಪಾದನೆಯ ಗಾತ್ರ ಹೆಚ್ಚಿದಷ್ಟೂ ದರ ಇಳಿಯುವುದು, ಆದ್ದರಿಂದ ಮೊದಲು ಹಡಗಿಗೆ ತುಂಬೋಣ ಎಂದು ವಾದಿಸುವವರಿದ್ದಾರೆ. ಅವರ ಮಾತು ಪೂರ್ಣ ಸುಳ್ಳಲ್ಲ. ಆದರೆ ಕೇಂದ್ರವು ಹಸಿರು ಜಲಜನಕದ ಕೇಂದ್ರಗಳಾಗಿ ಮೊದಲು ಆರಿಸಿಕೊಂಡ ಬಂದರುಗಳು ಕಾಂಡ್ಲಾ, ಪಾರಾದೀಪ ಮತ್ತು ತೂತ್ತುಕುಡಿ. ಮಂಗಳೂರು ಆ ಪಂಕ್ತಿಯಲ್ಲಿ ಇಲ್ಲ. ಗುಜರಾತಿನ ಬಿಸಿಲು, ವಿಸ್ತಾರವಾದ ಪಾಳುಭೂಮಿಗಳೊಡನೆ ರಫ್ತಿನ ಓಟದಲ್ಲಿ ಸ್ಪರ್ಧಿಸುವುದಕ್ಕಿಂತ, ಅವರಲ್ಲಿ ತಯಾರಾಗುವ ಪ್ರತಿಯೊಂದು ಸ್ಥಾವರಕ್ಕೂ ಬೇಕಾದ ವಾಲ್ವು, ಕಂಪ್ರೆಸರು, ಅಳತೆಯ ಉಪಕರಣ, ಬೆಸುಗೆಗಾರ ಇವಿಷ್ಟನ್ನು ಕರ್ನಾಟಕದಿಂದ ಒದಗಿಸುವುದು ಲಾಭಕರ. ಸಾಹಸ ನಮ್ಮದಾಗಿ ಲಾಭ ಹೊರಗೆ ಹರಿಯುವುದು ನಮಗೆ ಹೊಸ ಅನುಭವವಲ್ಲ: ಶಿವನಸಮುದ್ರದ ವಿದ್ಯುತ್ತು 1902ರಲ್ಲಿ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು; ಬೆಂಗಳೂರಿನ ಬೀದಿಗೆ ದೀಪ ಬಂದುದು 1905ರಲ್ಲಿ. ಆ ಸಾಹಸದ ಕೀರ್ತಿ ಮೈಸೂರಿಗೆ ಸಂದಿತು, ಚಿನ್ನದ ಬಹುಪಾಲು ಲಾಭ ಲಂಡನ್ನಿಗೆ ಸಂದಿತು.

ಕೊನೆಗೆ ಅಮೋನಿಯದ ಅಪಾಯದ ಮಾತು. ಅದು ವಿಷಾನಿಲ, ಅದರ ದಾಸ್ತಾನು ಹೆಚ್ಚಿದಂತೆ ಪಣಂಬೂರು, ಬೈಕಂಪಾಡಿ, ತಣ್ಣೀರುಬಾವಿಗಳ ಮೀನುಗಾರರ ಮನೆಗಳಿಗೆ ಸಂಬಂಧಿಸಿದ ಹೊಣೆಯೂ ಹೆಚ್ಚುತ್ತದೆ. ಗಾಳಿ ಯಾವ ಕಡೆಗೆ ಬೀಸಿದರೆ ಯಾವ ದಾರಿಯಲ್ಲಿ ಓಡಬೇಕೆಂಬುದನ್ನು ಆ ಮನೆಗಳ ಮಕ್ಕಳಿಗೂ ಮುದುಕರಿಗೂ ತುಳುವಿನಲ್ಲಿಯೂ ಕನ್ನಡದಲ್ಲಿಯೂ ವರ್ಷಕ್ಕೆರಡು ಸಲವಾದರೂ ಅಭ್ಯಾಸ ಮಾಡಿಸಬೇಕು. ಅದರ ಖರ್ಚನ್ನು ಕಂಪನಿಯೇ ತೆರಬೇಕೆಂದೂ, ಸ್ಥಾವರದ ಕೆಲಸಕ್ಕೆ ಆ ಮನೆಗಳ ಹುಡುಗ ಹುಡುಗಿಯರನ್ನು ಐ.ಟಿ.ಐ.ಗಳಲ್ಲಿ ತರಬೇತುಗೊಳಿಸಿ ಮೊದಲು ಕರೆಯಬೇಕೆಂದೂ, ನೆಲದ ಹಂಚಿಕೆಯ ಆದೇಶದಲ್ಲಿಯೇ, ಬಡ್ಡಿ ವಿನಾಯಿತಿ ತೆರಿಗೆ ವಿನಾಯಿತಿಗಳ ಪಟ್ಟಿಗಿಂತ ಮೇಲೆ, ಬರೆದು ಸಹಿ ಮಾಡಿಸಿಕೊಳ್ಳುವ ಅಧಿಕಾರ ರಾಜ್ಯ ಸರಕಾರಕ್ಕೆ ಇಂದೂ ಇದೆ.